ಪೆಚಾಯ್‌ಗೆ ಆದ ದರ್ಶನ

ನನ್ನ ಹೆಸರು ಪರ್ಪೆಟುವಾ. ಲೀಪಾ ಊರಿನ ನಮ್ಮ ಸಿಸ್ಟರುಗಳ ಶಾಲೆಯಲ್ಲಿ ಮಾತ್ರ ಎಲ್ಲರಿಗೂ ನಾನು ಪೆಚಾಯ್, ಅಂದರೆ ಸಾರಿಗೆ ಹಾಕುವ ಸೊಪ್ಪು. ಸಂತಳಾಗಲು ಹೊರಟವಳಿಗೆ ತಕ್ಕ ಹೆಸರಲ್ಲ. ಆದರೆ ಸಂತರೆಲ್ಲ ಅವಮಾನ ಸಹಿಸಿದವರೇ ತಾನೆ? ನಾನೂ ಸಹಿಸುತ್ತಿದ್ದೆ, ಸಹಿಸುತ್ತಿರುವುದು ನಾಲ್ಕು ಜನಕ್ಕೆ ಕಾಣುವ ಹಾಗೆ.

ಶಾಲೆ ಮುಗಿಸುವ ವರ್ಷ ಎಲ್ಲರನ್ನೂ ತಗಾಯ್ತಾಯ್ ಬೆಟ್ಟದ ಮೇಲಿನ ಧ್ಯಾನಮಂದಿರಕ್ಕೆ ಕರೆದೊಯ್ಯುವುದು ವಾಡಿಕೆ. ಮೂರು ದಿನ ಪ್ರಾರ್ಥನೆ, ಮೌನ, ಕೊನೆಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳು. ಹಿಂದಿನ ವರ್ಷದವರು ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದರು. ನಾನು ಅಷ್ಟಕ್ಕೆ ತೃಪ್ತಳಾಗುವವಳಲ್ಲ. ಬೆಟ್ಟ ಇಳಿದರೆ ದೇವರ ಕರೆ ಪಡೆದೇ ಇಳಿಯಬೇಕೆಂದು ತೀರ್ಮಾನಿಸಿದ್ದೆ. ಕನ್ಯಾಸ್ತ್ರೀಯಾದ ಮೇಲೆ ಇಟ್ಟುಕೊಳ್ಳುವ ಹೆಸರನ್ನೂ ಆರಿಸಿಯಾಗಿತ್ತು. ದೇವರು ಕರೆಯುವುದೊಂದೇ ಬಾಕಿ.

ಕೋಣೆಯಲ್ಲಿ ಜೊತೆಗೆ ಸಿಕ್ಕವಳು ಜೋವೆಲಿನ್. ಪೂಜೆಯಲ್ಲಿ ಫಾದರ್ ಪ್ರವಚನ ಶುರುಮಾಡಿದರೆ ಸಾಕು, ಇವಳ ಗೊರಕೆಯೂ ಶುರು. ಅವಳ ಚೀಲದಲ್ಲಿ ಜಪಸರ ಹುಡುಕಿದರೂ ಸಿಗದು. ಒಣಮಾವಿನ ಹೋಳು, ಬಿಸ್ಕತ್ತು, ಹುರಿದ ಹಂದಿ ತೊಗಲಿನ ಚಿಚರೋನ್ ತುಂಬಿಕೊಂಡಿದ್ದವು.

"ತಗೊಳ್ಳೇ ಪೆಚಾಯ್."

"ನಾನು ಉಪವಾಸ."

"ಯಾಕೆ, ಹೊಟ್ಟೆ ಕೆಟ್ಟಿದ್ಯಾ?"

"ಆತ್ಮಶುದ್ಧಿಗೆ ಕಣೇ."

"ಹಂಗಾದ್ರೆ ರಾತ್ರಿ ನಿನ್ನ ಪಾಲಿನ ಮೀನು ನಂಗಿರ್ಲಿ."

ಉಪವಾಸವನ್ನು ಗುಟ್ಟಾಗಿ ಮಾಡಬೇಕೆಂದು ಬೈಬಲ್ಲಿನ ಶುಭಸಂದೇಶದಲ್ಲೇ ಹೇಳಿದೆ. ನಾನೂ ಗುಟ್ಟಾಗಿಯೇ ಮಾಡಿದೆ. ಧ್ಯಾನಕೂಟ ನಡೆಸುತ್ತಿದ್ದ ಸಿಸ್ಟರ್ ಫಿದೇಲಿಸ್ ಅವರ ಎದುರಿಗೇ ಖಾಲಿ ತಟ್ಟೆ ಇಟ್ಟುಕೊಂಡು ಕೂತೆ, ಅಷ್ಟೇ. ಎರಡು ಸಲ ನಿಟ್ಟುಸಿರನ್ನೂ ಬಿಟ್ಟೆ. ಸಿಸ್ಟರ್ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿದ್ದರು.

ಮರುದಿನ ಮೌನದ ದಿನ. ಬೆಳಗಿನ ತಿಂಡಿಯನ್ನೂ ಬಿಟ್ಟೆ. ಪ್ರಾರ್ಥನಾಮಂದಿರದಲ್ಲಿ ಎಲ್ಲರೂ ಬೆಂಚಿಗೆ ಒರಗಿದ್ದರೆ ನಾನು ಬರಿಯ ನೆಲದ ಮೇಲೆ ಮೊಣಕಾಲೂರಿ, ಎರಡೂ ಕೈ ಶಿಲುಬೆಯಂತೆ ಚಾಚಿದೆ. ಸ್ವಲ್ಪ ಹೊತ್ತಿಗೆ ಮೇಣದಬತ್ತಿಗಳ ಸುತ್ತ ಬಂಗಾರದ ಬಳೆಗಳು ಕಂಡವು. ಬಂತು, ಕರೆ ಬಂತು ಎಂದುಕೊಂಡೆ. ಬಂದದ್ದು ನೆಲ.

ಎಚ್ಚರವಾದಾಗ ಸುತ್ತ ಪಿಸುಮಾತು. "ದರ್ಶನ ಆಯ್ತು ಕಣ್ರೇ!" ಎಂದಳು ಒಬ್ಬಳು. ಇನ್ನೊಬ್ಬಳು ಬಿಕ್ಕುತ್ತಿದ್ದಳು. ಯಾರೋ ನನ್ನ ಬೂಟು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡರು. ಕಣ್ಣು ತೆರೆಯಬಹುದಿತ್ತು. ಆದರೆ ಕೇಳಲು ಹಿತವಾಗಿತ್ತು. ಇನ್ನಷ್ಟು ಹೊತ್ತು ಹಾಗೇ ಮಲಗಿದ್ದೆ.

"ದರ್ಶನಾನೂ ಇಲ್ಲ, ಗಿರ್ಶನಾನೂ ಇಲ್ಲ," ಜೋವೆಲಿನ್ ದನಿ ಕೇಳಿಸಿತು. "ಸಿಸ್ಟರ್, ಇವಳು ನಿನ್ನೆಯಿಂದ ಏನೂ ತಿಂದಿಲ್ಲ."

ಸಿಸ್ಟರ್ ಬಗ್ಗಿದರು. "ಹೌದಾ ಮಗಳೇ? ದೇವರು ಏನಾದ್ರೂ ಹೇಳಿದ್ನಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೊಟ್ಟೆ, ಕಾಂಕ್ರೀಟ್ ರಸ್ತೆಯಲ್ಲಿ ತಗಡಿನ ಡಬ್ಬ ಎಳೆದಂತೆ, ಉದ್ದಕ್ಕೆ ಗುರುಗುಟ್ಟಿತು.

"ಹ್ಞೂಂ, ಕೇಳಿಸ್ತು," ಎಂದರು ಸಿಸ್ಟರ್. ಅಲ್ಲಿಗೆ ಮೌನದ ದಿನ ಮುಗಿಯಿತು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ನನಗೆ ಊಟ ಮಾಡಿಸುವ ಕೆಲಸ ಜೋವೆಲಿನ್ ಪಾಲಿಗೆ ಬಂತು. ಅಡಿಗೆಮನೆಯಲ್ಲಿ ಅವಳು ಶುಂಠಿ ಹಾಕಿದ ಬಿಸಿ ಕೋಳಿಗಂಜಿಯ ಬಟ್ಟಲು ನನ್ನ ಮುಂದಿಟ್ಟು ಎದುರಿಗೆ ಕೂತಳು. ಹೊರಗೆ ಉಳಿದವರು ಗುಡ್ಡದಂಚಿನ ಶಿಲುಬೆಯ ಕಡೆ ಸಾಲಾಗಿ ಹೊರಟಿದ್ದರು. ಒಬ್ಬೊಬ್ಬರೂ ತಮಗೆ ಬೇಕಾದವರ ಹೆಸರಿನಲ್ಲಿ ಒಂದೊಂದು ಕಲ್ಲನ್ನು ಅದರ ಬುಡದಲ್ಲಿಡುವುದು ಪದ್ಧತಿ.

"ನೀನು ಹೋಗೇ," ಎಂದೆ.

"ನೀನು ಮತ್ತೆ ಬಿದ್ರೆ? ಮೊದ್ಲು ಬಟ್ಟಲು ಖಾಲಿ ಮಾಡು."

"ನಾನು ಹಸಿವಿಗೇ ಬಿದ್ದೆ ಅಂತ ನಿಂಗೊಬ್ಳಿಗೇ ಹೆಂಗೆ ಗೊತ್ತಾಯ್ತು?"

"ಮನೇಲಿ ಮೂರು ಜನ ತಮ್ಮಂದ್ರಿಗೆ ಬಡಿಸೋಳು ನಾನು. ಹಸಿದ ಮುಖ ಗೊತ್ತಾಗಲ್ವಾ? ಅಮ್ಮ ಹಾಂಗ್‌ಕಾಂಗ್‌ನಲ್ಲಿ ಯಾರದೋ ಮನೆ ಮಕ್ಕಳಿಗೆ ಬಡಿಸ್ತಾಳೆ." ಜೇಬಿನಿಂದ ಒಂದು ಬಿಳಿಯ ಕಲ್ಲು ತೆಗೆದು ಮೇಜಿನ ಮೇಲೆ ಉರುಳಿಸಿದಳು. "ಅವಳಿಗೆ ಅಂತ ಆರಿಸಿಟ್ಟಿದ್ದೆ. ಇರ್ಲಿ ಬಿಡು. ದೇವ್ರಿಗೆ ಇಲ್ಲಿಂದ್ಲೂ ಕಾಣುತ್ತೆ."

ನಾನು ದೇವರನ್ನು ಹುಡುಕುವಾಗ ಜಾಗ ಆರಿಸಿದ್ದು ಎಲ್ಲರ ಕಣ್ಣು ಬೀಳುವ ಕಡೆ. ಇವಳೋ, ಯಾರ ಕಣ್ಣಿಗೂ ಬೀಳದ ಈ ಅಡಿಗೆಮನೆಯಲ್ಲಿ ತನ್ನ ಅಮ್ಮನ ಕಲ್ಲು ಇಟ್ಟುಕೊಂಡು ನನಗೆ ಗಂಜಿ ಕುಡಿಸುತ್ತಿದ್ದಳು.

ಉಳಿದವರು ಕಣ್ಣೊರೆಸಿಕೊಳ್ಳುತ್ತ ವಾಪಸು ಬಂದ ಮೇಲೆ ಸಿಸ್ಟರನ್ನು ಕೇಳಿದೆ, "ನಾವಿಬ್ರೂ ಹೋಗ್ಬರ್ಬಹುದಾ?"

"ನಡೆಯೋಕಾಗುತ್ತಾ?"

"ಎರಡು ಬಟ್ಟಲು ಕುಡಿದಿದ್ದೀನಿ ಸಿಸ್ಟರ್."

ಸಂಜೆಯ ಮಂಜಿನಲ್ಲಿ ಕೆಳಗಿನ ಕೆರೆ ಮುಚ್ಚಿಹೋಗಿತ್ತು. ಜೋವೆಲಿನ್ ಕಲ್ಲಿಟ್ಟು, ಅಂಗಡಿಯವನನ್ನು ಗದರಿಸುವಂತೆ ಪ್ರಾರ್ಥಿಸಿದಳು. "ನೋಡಪ್ಪಾ, ಈ ಕ್ರಿಸ್ಮಸ್‌ಗಾದ್ರೂ ಅವಳಿಗೆ ರಜೆ ಕೊಡ್ಸು. ಕಳೆದ್ಸಲ ನೀನು ಮರೆತೆ." ಆಮೇಲೆ ತೋಳಿನಿಂದ ಮೂಗೊರೆಸಿಕೊಂಡಳು. ನಾನು ಬೇರೆ ಕಡೆ ಮುಖ ಮಾಡಿ ನಿಂತೆ. ನನ್ನದೂ ಒಂದು ಪ್ರಾರ್ಥನೆ ತಯಾರಿತ್ತು, ಬಾಯಿಪಾಠ ಮಾಡಿದ್ದು, ನಡುವೆ ಲ್ಯಾಟಿನ್ ಕೂಡ ಬರುತ್ತಿತ್ತು. ಒಂದು ಅಕ್ಷರವೂ ನೆನಪಾಗಲಿಲ್ಲ. "ಗಂಜಿ ಚೆನ್ನಾಗಿತ್ತು, ದೇವ್ರೇ," ಎಂದೆ. ಅಷ್ಟೇ ಹೇಳಲಾಯಿತು. ಆಮೇಲೆ ನನಗೇ ಗೊತ್ತಿಲ್ಲದಂತೆ ಕಣ್ಣು ತುಂಬಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ.

ಕೊನೆಯ ದಿನ ಅನುಭವ ಹಂಚಿಕೊಳ್ಳುವಾಗ ಎಲ್ಲರೂ ನನ್ನತ್ತ ತಿರುಗಿದರು. "ದರ್ಶನ ಅಲ್ಲ, ಹಸಿವು," ಎಂದು ಹೇಳಿ ಕೂತೆ. ಕೆಲವರು ಅದನ್ನೂ ವಿನಯ ಎಂದೇ ತಿಳಿದರು. ಒಬ್ಬಳಂತೂ ಪರೀಕ್ಷೆಯ ಪೆನ್ನು ಮುಟ್ಟಿಸಿಕೊಂಡು ಹೋದಳು. ಮುಟ್ಟಿಕೊಟ್ಟೆ. ಒಂದೇ ದಿನದಲ್ಲಿ ಪೂರ್ತಿ ಸುಧಾರಿಸಲು ನಾನೇನು ಸಂತಳೇ?

ಹೊರಡುವ ಮುಂಚೆ ಸಿಸ್ಟರ್ ಫಿದೇಲಿಸ್ ಹತ್ತಿರ ಹೋಗಿ, "ನಾನು ಕನ್ಯಾಸ್ತ್ರೀ ಆಗ್ಬೇಕು ಅಂತಿದ್ದೆ," ಎಂದೆ.

"ಆಗ್ಬಹುದು ಮಗಳೇ. ಮಠದಲ್ಲಿ ಪಾತ್ರೆ ತೊಳೆಯೋರು ಯಾವಾಗ್ಲೂ ಬೇಕು," ಎಂದು ಬೆನ್ನು ತಟ್ಟಿದರು.

ಬಸ್ಸಿನಲ್ಲಿ ಜೋವೆಲಿನ್ ನನ್ನ ಹೆಗಲಿನ ಮೇಲೆ ಮಲಗಿ ಜೊಲ್ಲು ಸುರಿಸಿದಳು. ಲೀಪಾ ಬಂದಾಗ ಎಬ್ಬಿಸಿ, "ಇವತ್ತು ನಿಮ್ಮನೇಲಿ ಅಡಿಗೆ ಯಾರು ಮಾಡ್ತಾರೆ?" ಎಂದು ಕೇಳಿದೆ.

"ಇನ್ಯಾರು, ನಾನೇ."

"ಬೇಡ. ನಮ್ಮನೆಗೆ ಬಾ. ತಮ್ಮಂದ್ರನ್ನೂ ಕರ್ಕೊಂಡು ಬಾ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಮುನ್ಸೂಚನೆಯಿಲ್ಲದೆ ನಾಲ್ಕು ಜನರನ್ನು ಬಾಗಿಲಲ್ಲಿ ಕಂಡ ಅಮ್ಮ ನನ್ನನ್ನು ಒಳಗೆಳೆದು, "ದೇವ್ರು ಸಿಗ್ತಾನೆ ಅಂತ ಬೆಟ್ಟ ಹತ್ತಿದವಳು ದಂಡು ಕಟ್ಕೊಂಡು ಬಂದ್ಯಲ್ಲೇ!" ಎಂದು ಬೈದಳು. ಬೈಯುತ್ತಲೇ ಇನ್ನೊಂದು ಪಾವು ಅಕ್ಕಿ ಅಳೆದು ನನ್ನ ಕೈಗೆ ಕೊಟ್ಟಳು, ತೊಳೆದು ತಾ ಎಂದು.