ಗಾಜಿನ ಮನೆಯ ಕಾರ್ಡು

"ಇನ್ನೂ ಸ್ವಲ್ಪ ಎಳಿ. ನಿನ್ನ ಕಡೆ ಸುಕ್ಕು ಬಿದ್ದಿದೆ," ಎಂದರು ಅಲೆಸ್, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಮಾಲವಿಕಾ ಬಟ್ಟೆಯ ಅಂಚು ಹಿಡಿದು ಎಳೆದಳು. ಬಿಳಿ, ಕೆಂಪು, ಮತ್ತೆ ಬಿಳಿ. ಅಡಿಲೇಡಿನ ಬೆಲಾರೂಸಿ ಸಂಘದ ಬಾವುಟ ಅದು. ಸಭಾಂಗಣದ ಗೋಡೆಗೆಂದು ಹೊಲಿಸಿದ್ದರಿಂದ ಶವಪೆಟ್ಟಿಗೆಯ ಕಾಲಿನ ಕಡೆ ಒಂದು ಗೇಣು ಸಾಲದೆ ಬರುತ್ತಿತ್ತು. ಪೆಟ್ಟಿಗೆಯೊಳಗೆ ಅವಳ ಅಪ್ಪ ಉದಯಶಂಕರ್ ರೇಷ್ಮೆ ಪಂಚೆ ಉಟ್ಟು, ಕ್ಷೌರದ ಗಾಯ ಕಾಣದ ಹಾಗೆ ಪೌಡರು ಹಚ್ಚಿಸಿಕೊಂಡು ಮಲಗಿದ್ದರು.

"ನಮ್ಮವರಲ್ಲದವರಿಗೆ ಇದನ್ನ ಹೊದಿಸ್ತಿರೋದು ಇದೇ ಮೊದಲು," ಎಂದರು ಅಲೆಸ್. ಅರವತ್ನಾಲ್ಕರ ಮನುಷ್ಯ, ವೆಲ್ಡಿಂಗ್ ಮಾಡಿ ಮಾಡಿ ಕಪ್ಪಾದ ಬೆರಳು. "ಕಮಿಟೀಲಿ ಒಬ್ಬ ಬೇಡ ಅಂದ. ನಾನು ಅವನಿಗೆ ಕೇಳಿದೆ, ನನ್ನ ತಾಯಿಗೆ ಸ್ವಂತ ತಂಗಿಯೇ ದ್ರೋಹ ಮಾಡಿದಾಗ ನಿಂತವರು ಯಾರು? ಎಲ್ಲಿಂದಲೋ ಬಂದ ಒಬ್ಬ ಇಂಡಿಯನ್. ಇವತ್ತು ನನ್ನ ಭಾಷಣದಲ್ಲಿ ಇದನ್ನೇ ಹೇಳ್ತೀನಿ."

ಮಾಲವಿಕಾ ಸುಕ್ಕನ್ನು ಮತ್ತೊಮ್ಮೆ ಎಳೆದಳು. ಮೂರು ದಿನದ ಹಿಂದೆ, ಮರಣ ಪತ್ರಕ್ಕೆ ಅಪ್ಪನ ಹುಟ್ಟಿದ ದಾಖಲೆ ಹುಡುಕುವಾಗ, ಬೀರುವಿನ ಕೆಳಖಾನೆಯಲ್ಲಿ ೧೯೮೩ನೇ ಇಸವಿಯ ದಿನಚರಿ ಸಿಕ್ಕಿತ್ತು. ಕನ್ನಡದಲ್ಲಿತ್ತು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ, ಅವಳು ಮತ್ತು ಅಮ್ಮ. ಅಲೆಸ್‌ನ ತಾಯಿಗೆ ದ್ರೋಹ ಮಾಡಿದವರು ಯಾರೆಂದು ಅದರಲ್ಲಿ ಅಪ್ಪನ ಕೈಬರಹದಲ್ಲೇ ಇತ್ತು. ತಂಗಿಯಲ್ಲ.

ಆ ತಂಗಿ ವೇರಾಗೆ ಈಗ ಎಂಬತ್ತಾರು ವರ್ಷ. ಮಿನ್ಸ್ಕ್‌ನಲ್ಲಿ ಇನ್ನೂ ಬದುಕಿದ್ದಳು.

* * *

ಎಂಬತ್ತಮೂರರಲ್ಲಿ ಬೆಂಗಳೂರಿನ ಟ್ರ್ಯಾಕ್ಟರ್ ಕಾರ್ಖಾನೆಯೊಂದು ಎಂಟು ಜನ ಇಂಜಿನಿಯರುಗಳನ್ನು ಏಳು ತಿಂಗಳ ತರಬೇತಿಗೆ ಸೋವಿಯತ್ ಬೆಲಾರೂಸಿನ ಮಿನ್ಸ್ಕ್‌ಗೆ ಕಳಿಸಿತು. ಭಾನುವಾರಗಳಲ್ಲಿ ಉಳಿದವರು ಇಸ್ಪೀಟಾಡುತ್ತ ಕೂತರೆ, ಉದಯಶಂಕರ್ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಹಾನ್ನಾ ಎಂಬ ಹೆಂಗಸು ಮೊದಲು ಚಹಾಕ್ಕೆ ಕರೆದಳು. ಆಮೇಲೆ ಮನೆಗೆ ಕರೆದಳು. ಮನೆಯಲ್ಲಿ ಮಾತು ಶುರುವಾಗುವ ಮೊದಲು ಅಡಿಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಿದ್ದಳು. ನೀರಿನ ಸದ್ದಿನಲ್ಲಿ ಗೋಡೆಯಾಚೆಗೆ ಏನೂ ಕೇಳಿಸದಿರಲಿ ಎಂದು.

ಆಕೆ ಹೇಳಿದ್ದು ತನ್ನ ತಾತ ಜನರಲ್ ಹರಾದ್ಸ್ಕಿಯ ಕತೆ. ಮೂವತ್ತೆರಡು ವರ್ಷ ಝಾರ್ ದೊರೆಯ ಸೈನ್ಯದಲ್ಲಿದ್ದವನು. ಜಪಾನಿನ ಮೇಲಿನ ಯುದ್ಧದಲ್ಲಿ ತೊಡೆಗೆ ಗುಂಡು, ಎದೆ ತುಂಬ ಪದಕ. ಹಳ್ಳಿಯಿಂದ ಬಂದ ಸಿಪಾಯಿಗಳು ತಮ್ಮ ತಮ್ಮಲ್ಲೇ ಬೆಲಾರೂಸಿ ಮಾತಾಡಿದರೆ, ಅದು ತನ್ನ ತಾಯಿಯ ಮಾತೂ ಹೌದೆಂಬುದನ್ನು ಮರೆತವನ ಹಾಗೆ, ಬಿಸಿಲಲ್ಲಿ ನಿಲ್ಲಿಸುತ್ತಿದ್ದವನು. ೧೯೧೭ರಲ್ಲಿ ದೊರೆತನ ಬಿತ್ತು. ಮರುವರ್ಷ ಅವನ ನಾಡಿನವರೇ ಒಂದು ಪುಟ್ಟ ಗಣರಾಜ್ಯ ಘೋಷಿಸಿ, ರಕ್ಷಣೆಯ ಹೊಣೆ ನೀನು ಹೊರು ಎಂದರು. ಸೈನ್ಯವಿರಲಿಲ್ಲ, ಬಂದೂಕಿರಲಿಲ್ಲ. ಒಂದು ಕೋಣೆ, ಒಂದು ಮೇಜು. ಜನರಲ್ ಮೊದಲು ಮಾಡಿದ ಕೆಲಸವೆಂದರೆ ನೋಟ್‌ಬುಕ್ಕು ಬಿಡಿಸಿ, ಕವಾಯತಿನ ಆಜ್ಞೆಗಳನ್ನೆಲ್ಲ ಆ ಸಿಪಾಯಿಗಳ ಮಾತಿನಲ್ಲಿ ಬರೆಯಲು ಕೂತದ್ದು. ಕೆಲವಕ್ಕೆ ಪದವೇ ಇರಲಿಲ್ಲ. ಉಳುವವರು ಎತ್ತಿಗೆ ಹೇಳುವ ಮಾತನ್ನು ತಂದು ಹಾಕಿದ. ಗಣರಾಜ್ಯ ವರ್ಷ ತುಂಬುವ ಮೊದಲೇ ಹೋಯಿತು. ಜನರಲ್ ಮೂರು ಸರ್ಕಾರಗಳ ಜೈಲು ನೋಡಿ ಸತ್ತ. ಅವನ ಹೆಸರು ಯಾವ ಪಠ್ಯದಲ್ಲೂ ಉಳಿಯಲಿಲ್ಲ.

"ನೋಟ್‌ಬುಕ್ಕು ನನ್ನ ಹತ್ತಿರ ಇದೆ," ಎಂದಳು ಹಾನ್ನಾ. "ನನಗೂ ನನ್ನ ತಂಗಿ ವೇರಾಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೊರಗೆ ಒಯ್ಯುತ್ತೀಯಾ?"

ಒಯ್ಯುತ್ತೇನೆ ಎಂದರು ಉದಯಶಂಕರ್. ಅದಕ್ಕೂ ಮೊದಲು ಆಕೆ ನಲ್ಲಿಯ ಪಕ್ಕ ನಿಲ್ಲಿಸಿ ಒಂಬತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದಳು. ಪತ್ರ ಬರೆಯುವ ಹಾಗಿರಲಿಲ್ಲವಾದ್ದರಿಂದ ಒಂದು ಗುರುತು ಮಾಡಿಕೊಂಡರು. ನೋಟ್‌ಬುಕ್ಕು ಸುರಕ್ಷಿತವಾಗಿ ತಲುಪಿದರೆ ಲಾಲ್‌ಬಾಗಿನ ಗಾಜಿನ ಮನೆಯ ಚಿತ್ರವಿರುವ ಕಾರ್ಡು ಬರಬೇಕು. ತಲುಪದಿದ್ದರೆ ಏನೂ ಬರಬಾರದು.

* * *

ಮೂರು ಗಂಟೆಗೆ ಚಿತಾಗಾರದ ಸರದಿ, ನಲವತ್ತು ನಿಮಿಷ. ಎರಡೂವರೆಗೇ ಜನ ಸೇರಿದ್ದರು. ಒಂದು ಕಡೆ ಕನ್ನಡ ಸಂಘದವರು, ಇನ್ನೊಂದು ಕಡೆ ಕೋಟು ತೊಟ್ಟ ಬೆಲಾರೂಸಿ ಮುದುಕರು.

"ಈ ಅಡಿಲೇಡ್ ಚಳಿ ಮನುಷ್ಯರಿಗಲ್ಲ," ಎಂದು ಕೈ ಉಜ್ಜಿಕೊಂಡರು ನಾಗೇಂದ್ರ. ತರಬೇತಿಗೆ ಹೋಗಿದ್ದ ಎಂಟು ಜನರಲ್ಲಿ ಒಬ್ಬರು ಅವರು. ಈಗ ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿ ಮಗನ ಮನೆಯಲ್ಲಿದ್ದು, ಬೆಳಗಿನ ವಿಮಾನಕ್ಕೆ ಬಂದಿದ್ದರು. "ನಿಮ್ಮಪ್ಪ ಮಿನ್ಸ್ಕ್‌ನಲ್ಲಿ ಎರಡು ಸ್ವೆಟರ್ ಹಾಕ್ಕೊಂಡು ಮಲಗ್ತಿದ್ದ ಕಣಮ್ಮ. ಎರಡರಲ್ಲಿ ಒಂದು ನಂದು. ಇನ್ನೂ ವಾಪಸ್ ಕೊಟ್ಟಿಲ್ಲ."

ಪರ್ತ್‌ನಿಂದ ಬಂದಿದ್ದ ಅಣ್ಣ ವರುಣ್ ನಕ್ಕ. ಅವನ ಮಗಳು ಅದಿತಿ ಅಜ್ಜನ ಫೋಟೋಗೆ ಹೂ ಸರಿಪಡಿಸುತ್ತ, "ತಾತಾ ಯೂಸ್ಡ್ ಟು ಮಾರ್ಚ್ ಅಸ್ ಟು ಬ್ರೇಕ್‌ಫಾಸ್ಟ್," ಎಂದಳು. "ಕ್ರೋಕಮ್ ರುಶ್! ಅಂದ್ರೆ ಮುಂದೆ ನಡಿ. ಥಾರ್ನ್ಲಿಯ ನಮ್ಮ ಮನೇಲಿ, ಹಾಲ್‌ನಿಂದ ಕಿಚನ್‌ಗೆ."

ಮಾಲವಿಕಾ ನಾಗೇಂದ್ರರನ್ನು ಬಾಗಿಲ ಹೊರಗೆ ಕರೆದಳು. "ಅಂಕಲ್, ಅಪ್ಪನ ಡೈರಿ ಸಿಕ್ತು."

ಅವರ ಕೈ ಉಜ್ಜುವುದು ನಿಂತಿತು.

"ನಿಮಗೆ ಗೊತ್ತಿತ್ತಾ?"

"ಎಂಟು ಜನಕ್ಕೂ ಗೊತ್ತಿತ್ತು. ಹೊರಡೋಕೆ ಎರಡು ದಿನ ಮುಂಚೆ, ನಮ್ಮ ಜೊತೆ ಹಾಕಿದ್ರಲ್ಲ, ಆ ಇಂಟರ್‌ಪ್ರಿಟರ್ ಬಂದ. ಯಾರದ್ದಾದ್ರೂ ಕಾಗದ ಪತ್ರ ಇದ್ರೆ ಈಗಲೇ ಕೊಡಿ, ಏರ್‌ಪೋರ್ಟಲ್ಲಿ ಸಿಕ್ರೆ ಯಾರೂ ಹೋಗಲ್ಲ ಅಂದ. ಯಾರೂ ಹೋಗಲ್ಲ ಅಂದ್ರೆ ಎಂಟೂ ಜನ. ಯಾರ ಹತ್ರ ಇದೆ ಅಂತ ನಮಗೆ ಗೊತ್ತಿತ್ತು. ನಾವು ಬಾಯಿ ಬಿಡಲಿಲ್ಲ. ಸುಮ್ನೆ ಉದಯನ ಮುಖ ನೋಡ್ತಾ ಕೂತ್ವಿ. ಅವನೇ ಎದ್ದು ತಂದು ಕೊಟ್ಬಿಟ್ಟ."

"ಆ ಇಂಟರ್‌ಪ್ರಿಟರ್ ಕೇಳಿದ್ದು ಅದು ಯಾರದ್ದು ಅಂತ ಹೆಸರು ಮಾತ್ರ ಅಂತ ಬರ್ದಿದಾರೆ ಅಪ್ಪ. ಮನೆ ನಂಬರೂ ಹೇಳಿದೆ ಅಂತ."

"ಹೆದರಿದವನು ಕೇಳಿದ್ದಕ್ಕಿಂತ ಜಾಸ್ತಿ ಹೇಳ್ತಾನಮ್ಮ. ಬಿಡು. ಮೂವತ್ಮೂರು ವರ್ಷ ಆಯ್ತು."

"ವೇರಾ ಇನ್ನೂ ಇದಾರೆ ಅಂಕಲ್."

"ಹಾಗಂತ ಇವತ್ತಾ? ಹೆಣ ಮುಂದಿಟ್ಕೊಂಡಾ?"

ಒಳಗೆ ಅಮ್ಮ ಸರಸ್ವತಿ ಮೊದಲ ಸಾಲಿನಲ್ಲಿ ತಟ್ಟೆಯ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದರು. ಇಲ್ಲಿನ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ. ಮಾಲವಿಕಾ ಪಕ್ಕದಲ್ಲಿ ಕೂತಳು.

"ನೀನು ಡೈರಿ ಓದಿದೆ ಅಂತ ಗೊತ್ತು," ಎಂದರು ಅಮ್ಮ, ತಲೆ ಎತ್ತದೆ. "ಬೀರು ಬಾಗಿಲು ಸರಿಯಾಗಿ ಹಾಕಿಲ್ಲ ನೀನು."

"ನಿಂಗೆ ಮೊದಲಿಂದ ಗೊತ್ತಿತ್ತಾ ಅಮ್ಮ?"

"ಕಾರ್ಡ್ ತಂದ್ಕೊಟ್ಟವಳೇ ನಾನು. ಗಾಜಿನ ಮನೆ ಇರೋದೇ ಬೇಕು ಅಂದ್ರು. ಬಳೇಪೇಟೇಲಿ ಮೂರು ಅಂಗಡಿ ತಿರುಗಿದೆ. ಯಾಕೆ ಅಂತ ಅಂಚೆಗೆ ಹಾಕಿದ ಮೇಲೆ ಹೇಳಿದ್ರು."

"ಕೊಟ್ಟಿದ್ದು ಕೊಟ್ರು. ಕಾರ್ಡ್ ಯಾಕೆ ಕಳಿಸ್ಬೇಕಿತ್ತು?"

"ಆಯಮ್ಮ ದಿನಾ ಅಂಚೆಯವನ ದಾರಿ ಕಾಯ್ತಾ ಇರ್ತಾಳೆ ಅಂತ ಊಟ ಬಿಟ್ಟಿದ್ರು. ಕಳಿಸಿದ ದಿನ ಊಟ ಮಾಡಿದ್ರು." ಅಮ್ಮ ಇಲ್ಲದ ಕಲ್ಲೊಂದನ್ನು ಬೆರಳಲ್ಲಿ ಎತ್ತಿ ಕೆಳಗೆ ಹಾಕಿದರು. "ಹೇಳ್ಬೇಕು ಅಂದ್ರೆ ಹೇಳು. ಎದ್ದು ಕೂತು ಉತ್ತರ ಕೊಡೋಕೆ ಅವರಿಗಂತೂ ಆಗಲ್ಲ. ಅದೊಂದು ನೆನಪಿರ್ಲಿ."

* * *

ದಿನಚರಿಯ ಕೊನೆಯ ಖಾಲಿ ಹಾಳೆಗಳಲ್ಲಿ ಬೇರೆ ಶಾಯಿ ಇತ್ತು. ೨೦೦೯ರಲ್ಲಿ ಅಪ್ಪ ಅಮ್ಮ ಅಡಿಲೇಡಿಗೆ ಮಾಲವಿಕಾಳ ಜೊತೆ ಇರಲು ಬಂದರು. ಮರುವರ್ಷ ಸಮುದಾಯ ಪತ್ರಿಕೆಯ ಪ್ರಕಟಣೆ ನೋಡಿ, ಮಾರ್ಚ್ ಇಪ್ಪತ್ತೈದರಂದು ಆ ಗಣರಾಜ್ಯದ ದಿನಾಚರಣೆಗೆ ಅಪ್ಪ ಒಬ್ಬರೇ ಬಸ್ಸು ಹತ್ತಿ ಹೋಗಿದ್ದರು. ಏನು ಹೇಳಲು ಹೋಗಿದ್ದರೋ, ಹೇಳಿದ್ದು ಮಾತ್ರ ಒಂಬತ್ತು ಆಜ್ಞೆಗಳನ್ನು. ಮುದುಕರು ಎದ್ದು ನಿಂತರಂತೆ. ಒಬ್ಬರು ಬಂದು ಕೈ ಹಿಡಿದುಕೊಂಡು, ನಾನು ಹಾನ್ನಾಳ ಮಗ ಅಲೆಸ್ ಎಂದರಂತೆ. ನೋಟ್‌ಬುಕ್ಕು ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ, ಬೆಂಗಳೂರಿನ ಮನೆಯಲ್ಲಿ ಗೆದ್ದಲು ತಿಂದಿತು ಎಂದರಂತೆ.

ಆ ದಿನದ ಬರಹ: "ತಾಯಿಯ ಕೆಲಸ ಹೋಯಿತಂತೆ. ವರ್ಷಗಟ್ಟಲೆ ವಿಚಾರಣೆಯಂತೆ. ಕಾರ್ಡು ಬಂದದ್ದರಿಂದ ನನ್ನ ಮೇಲೆ ಅನುಮಾನ ಬರಲೇ ಇಲ್ಲ. ಮಿಕ್ಕವಳು ತಂಗಿ. ತಾಯಿ ಸಾಯುವ ತನಕ ಅವಳಿಗೆ ಬಾಗಿಲು ತೆಗೆಯಲಿಲ್ಲವಂತೆ. ಮುಂದಿನ ವರ್ಷ ಹೇಳುತ್ತೇನೆ."

ಅದರ ಕೆಳಗೆ ಆರು ಮಾರ್ಚ್‌ಗಳು. ಪ್ರತಿ ತಾರೀಖಿನ ಎದುರೂ ಒಂದೇ ಪದ. "ಹೇಳಲಿಲ್ಲ."

* * *

ಅಲೆಸ್ ಭಾಷಣ ಚೆನ್ನಾಗಿ ಮಾಡಿದರು. ಜನರಲ್‌ನ ಕತೆ ಹೇಳಿದರು. ಆಮೇಲೆ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನನ್ನ ಚಿಕ್ಕಮ್ಮ ನಮ್ಮ ರಕ್ತ. ಇವನು ಯಾರೂ ಅಲ್ಲ. ಆದರೆ ಉಳಿಸಿದವನು ಇವನು," ಎಂದರು. ಒಬ್ಬ ಮುದುಕ ಕಣ್ಣೊರೆಸಿಕೊಂಡ.

ಮಾಲವಿಕಾಳ ಸರದಿ ಬಂತು. ಮೈಕಿನ ಮುಂದೆ ನಿಂತಳು. ಹೇಳಬೇಕಾದ ವಾಕ್ಯ ಇಂಗ್ಲಿಷಿನಲ್ಲಿ ಸಿದ್ಧವಾಗಿತ್ತು, ಮೂರು ರಾತ್ರಿ ತಿದ್ದಿದ್ದು. ಅಮ್ಮ ಮೊದಲ ಸಾಲಿನಿಂದ ಅವಳನ್ನೇ ನೋಡುತ್ತಿದ್ದರು.

"ಅಪ್ಪ ಒಳ್ಳೇ ಇಂಜಿನಿಯರ್ ಆಗಿದ್ರು," ಎಂದಳು ಕನ್ನಡದಲ್ಲಿ. "ನಮಗೆ ಯಾವತ್ತೂ ಬೈಲಿಲ್ಲ." ಬಂದು ಕೂತಳು.

ಪುರೋಹಿತರು ವಾಚು ನೋಡಿಕೊಂಡು ಮಂತ್ರ ಮುಗಿಸಿದರು. ಅಲೆಸ್ ಮತ್ತು ಇನ್ನೊಬ್ಬರು ಪಿನ್ನು ಬಿಚ್ಚಿ ಬಾವುಟ ತೆಗೆದರು. ಅಲೆಸ್ ಮತ್ತು ಇನ್ನೊಬ್ಬರು ಪಿನ್ನು ಬಿಚ್ಚಿ ಬಾವುಟ ತೆಗೆದರು. ಬೆಂಕಿ ಇಡುವ ಬದಲು ಹಸಿರು ಗುಂಡಿ ಒತ್ತಬೇಕೆಂದು ಅಲ್ಲಿನ ಹುಡುಗಿ ವರುಣ್‌ಗೆ ತೋರಿಸಿದಳು. "ಒಂದ್ಸಲನಾ? ಒತ್ತಿ ಹಿಡೀಬೇಕಾ?" ಎಂದು ಅವನು ಕೇಳಿದ. ಪರದೆ ಮುಚ್ಚಿತು.

ಹೊರಗೆ ಎಲ್ಲರೂ ಕಾರುಗಳ ಕಡೆ ಹೊರಟಾಗ, ತ್ರಿಕೋನವಾಗಿ ಮಡಿಸಿದ ಬಾವುಟ ಹಿಡಿದು ಅಲೆಸ್ ಅವಳ ಹತ್ತಿರ ಬಂದರು.

"ಇನ್ನು ಇದು ನಿಮ್ಮ ಮನೆಯಲ್ಲಿರಲಿ."

ಅವಳು ಕೈ ಚಾಚಲಿಲ್ಲ.

"ತೆಗೆದುಕೋ. ಸಂಕೋಚ ಯಾಕೆ?"

"ನಂಗೆ ತಗೊಳ್ಳಕ್ಕಾಗಲ್ಲ." ತಿದ್ದಿ ಇಟ್ಟಿದ್ದ ಇಂಗ್ಲಿಷ್ ವಾಕ್ಯ ಎಲ್ಲಿ ಹೋಯಿತೋ, ಕನ್ನಡವೇ ಮೊದಲು ಬಾಯಿಗೆ ಬಂತು. ಮತ್ತೆ ಇಂಗ್ಲಿಷಿನಲ್ಲಿ ಹೇಳಿದಳು. ಕೈಚೀಲದಿಂದ ದಿನಚರಿ ತೆಗೆದು, ಕಾರಿನ ಬಾನೆಟ್ ಮೇಲಿಟ್ಟು, ಸಾಲಿನ ಮೇಲೆ ಬೆರಳಿಟ್ಟು ಅನುವಾದಿಸಿದಳು. ಇಂಟರ್‌ಪ್ರಿಟರ್ ಕೇಳಿದ್ದು. ಕೊಟ್ಟದ್ದು. ಹೆಸರು. ಮನೆ ನಂಬರು. ಕಾರ್ಡು.

ಅಲೆಸ್ ಬಾವುಟವನ್ನು ಎದೆಗೆ ಒತ್ತಿ ಹಿಡಿದೇ ನಿಂತಿದ್ದರು. ಅದು ಯಾವುದೋ ಬೇರೆಯವರ ಭಾಷೆಯ ಬರಹ, ಅವಳು ಬೇಕಾದ್ದು ಓದಬಹುದಿತ್ತು. ನಿಜವಾಗಿ ಹಾಗೇ ಬರೆದಿದೆಯಾ ಎಂದು ಅವರು ಕೇಳಲಿಲ್ಲ.

"ನೋಟ್‌ಬುಕ್ಕು ಎಲ್ಲಿ ಅಂತ ವಿಚಾರಣೆಯವರು ಅಮ್ಮನನ್ನ ಒಂದು ಸಲವೂ ಕೇಳಲಿಲ್ಲ," ಎಂದರು. "ಮೂರು ವರ್ಷ ಕರೆಸಿದರು. ಅದೊಂದನ್ನ ಕೇಳಲಿಲ್ಲ. ಅಮ್ಮ ಅದನ್ನ ಯೋಚನೆ ಮಾಡಲೇ ಇಲ್ಲ. ಕಾರ್ಡನ್ನ ಕನ್ನಡಿ ಪಕ್ಕ ಸಿಕ್ಕಿಸಿಟ್ಟಿದ್ದಳು."

ಮಾಲವಿಕಾ ದಿನಚರಿ ಮುಚ್ಚಿದಳು.

"ಆರು ವರ್ಷ ನನ್ನ ಮೇಜಲ್ಲಿ ಊಟ ಮಾಡಿದ. ನಾನು ವೇರಾನ್ನ ಏನೇನು ಅಂದೆ ಅವನೆದುರಿಗೆ. ಉಪ್ಪು ಕೊಡು ಅಂತಿದ್ದ."

ದೂರದಲ್ಲಿ ಅಮ್ಮ ವರುಣ್‌ನ ಕಾರಿನೊಳಗೆ ಕೂತು ಈ ಕಡೆ ನೋಡಿ, ಗಾಜು ಏರಿಸಿದರು. ನಾಗೇಂದ್ರ ಹತ್ತಿರ ಬರಲು ಎರಡು ಹೆಜ್ಜೆ ಇಟ್ಟು ಹಿಂದಕ್ಕೆ ಹೋದರು.

ಅಲೆಸ್ ಬಾವುಟವನ್ನು ಕಾರಿನ ಹಿಂದಿನ ಸೀಟಿಗೆ ಎಸೆದು ಫೋನು ತೆಗೆದರು. ವೇರಾಳ ಮೊಮ್ಮಗಳ ನಂಬರು ಯಾರೋ ಸಂಬಂಧಿಕರು ಯಾವತ್ತೋ ಕೊಟ್ಟಿದ್ದರು. ಅಳಿಸಿರಲಿಲ್ಲ, ಒತ್ತಿಯೂ ಇರಲಿಲ್ಲ. ಇಲ್ಲಿ ನಾಲ್ಕು ಗಂಟೆ, ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. "ನೀನೂ ಇರು," ಎಂದರು ಮಾಲವಿಕಾಗೆ. "ಹೇಳಬೇಕಾದವಳು ನೀನು. ನಾನು ಅವಳ ಭಾಷೆಗೆ ತಿರುಗಿಸ್ತೀನಿ."

ಪರದೆಯಲ್ಲಿ ಮೊದಲು ಒಬ್ಬ ಹುಡುಗಿಯ ಗಲ್ಲ, ಆಮೇಲೆ ಓಡುವ ನೆಲ, ಆಮೇಲೆ ಒಂದು ಅಡಿಗೆಮನೆ. ಮೇಜಿನ ಹಿಂದೆ ನೈಟಿ ತೊಟ್ಟ ಮುದುಕಿ. ಹುಡುಗಿ ಕಿವಿಯ ಹತ್ತಿರ ಬಗ್ಗಿ ಕೂಗಿ ಹೆಸರು ಹೇಳಿದಳು. ಮುದುಕಿ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. ಅಲೆಸ್‌ನನ್ನು ನೋಡಿದಳು. ಪಕ್ಕದಲ್ಲಿದ್ದ, ಯಾರೆಂದು ಗೊತ್ತಿಲ್ಲದ ಮಾಲವಿಕಾಳಿಗೂ ಕೈ ಬೀಸಿದಳು. ಏನೋ ಅವಸರವಾಗಿ ಹೇಳಿ, ಮೇಜು ಹಿಡಿದು ಎದ್ದು, ಚಿತ್ರದಿಂದ ಆಚೆ ಹೋದಳು.

"ಏನಂದ್ರು?"

"ಮೂವತ್ಮೂರು ವರ್ಷದ ಮೇಲೆ ನೋಡ್ತಿದೀಯ, ನೈಟೀಲಿ ಕೂತಿದೀನಿ, ಒಳ್ಳೇ ಸ್ಕಾರ್ಫ್ ಹಾಕ್ಕೊಂಡು ಬರ್ತೀನಿ, ಫೋನ್ ಇಡಬೇಡ ಅಂತ."

ಮಾಲವಿಕಾ ಫೋನನ್ನು ಇನ್ನೊಂದು ಬದಿಯಿಂದ ಹಿಡಿದುಕೊಂಡಳು. ಪರದೆಯಲ್ಲಿ ಹಿಂದಕ್ಕೆ ಸರಿದ ಒಂದು ಮರದ ಕುರ್ಚಿ, ಅದರ ಬೆನ್ನಿಗೆ ನೇತುಹಾಕಿದ ಏಪ್ರನ್ನು. ಒಳಗೆಲ್ಲೋ ಡ್ರಾಯರುಗಳು ಒಂದಾದ ಮೇಲೊಂದು ತೆರೆದು ಮುಚ್ಚಿಕೊಳ್ಳುತ್ತಿದ್ದವು.