ಟಕ್ ಟಕ್ ಮೇಡಂ

ಮಣಲಿಯ ನಮ್ಮ ಕಾರ್ಖಾನೆಯಲ್ಲಿ ನನ್ನ ಹೆಸರು ವಂದನಾ ಎಂದು ಸಂಬಳದ ಚೀಟಿ ಬರೆಯುವವರಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ನಾನು ಟಕ್ ಟಕ್ ಮೇಡಂ. ಕೆಲಸದವರ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಯಾರೇ ಎದುರು ಬರಲಿ, ಅವರ ಹೆಲ್ಮೆಟ್ಟಿನ ಮೇಲೆ ಪೆನ್ನಿನಿಂದ ಎರಡು ಸಲ ಬಡಿಯುತ್ತೇನೆ. ಆಮೇಲೆ ತೆಗೆಸಿ, ತಿರುಗಿಸಿ, ಒಳಗೆ ನೋಡುತ್ತೇನೆ. ಸೆಕೆ ತಾಳಲಾರದೆ ಎಷ್ಟೋ ಜನ ಒಳಗಿನ ಪಟ್ಟಿಗಳನ್ನು ಕತ್ತರಿಸಿ ಬಿಸಾಡಿರುತ್ತಾರೆ. ಹೊರಗಿನಿಂದ ನೋಡಿದರೆ ಹೆಲ್ಮೆಟ್ಟು, ಒಳಗೆ ನೋಡಿದರೆ ಬರೀ ಬೋಗುಣಿ. ಹನ್ನೊಂದು ವರ್ಷದಿಂದ ಅದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಬೆಸೆಂಟ್ ನಗರದ ಮನೆಯಿಂದ ಮಣಲಿಗೆ ಕಂಪನಿ ಬಸ್ಸಿನಲ್ಲಿ ಒಂದೂವರೆ ಗಂಟೆ. ಪ್ಯಾರೀಸ್ ಕಾರ್ನರಿನ ಹತ್ತಿರ ಲಾರಿಯೊಂದು ಅಡ್ಡ ನಿಂತರೆ ಎರಡು ಗಂಟೆ. ಗಂಡ ಪದ್ಮನಾಭನಿಗೆ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಅವನು ಬರುವುದು ತಿಂಗಳಿಗೆ ಎರಡು ಸಲ. ಮನೆಯಲ್ಲಿರುವುದು ನಾನು, ಹದಿಮೂರು ವರ್ಷದ ಮಗಳು ಪಾವನಾ, ಮತ್ತು ಮದ್ದೂರಿನ ಹತ್ತಿರದ ಊರಿನಿಂದ ಬಂದು ನಾಲ್ಕು ವರ್ಷದಿಂದ ನಮ್ಮ ಜೊತೆಗಿರುವ ಅತ್ತೆ ಚಿಕ್ಕತಾಯಮ್ಮ. ಅತ್ತೆ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಅದನ್ನು ನಾನು ಅವರಿಗೆ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ.

ಪಾವನಾಳಿಗೆ ಕುದುರೆಯ ಹುಚ್ಚು ಹಿಡಿದು ಎರಡು ವರ್ಷವಾಯಿತು. ಶನಿವಾರ ಬೆಳಗ್ಗೆ ಐದಕ್ಕೆ ಎದ್ದು, ಕಡಲ ತೀರದ ರಸ್ತೆ ಹಿಡಿದು, ಊರಾಚೆಯ ಸವಾರಿ ಶಾಲೆಗೆ ಅವಳನ್ನು ಕರೆದೊಯ್ಯಬೇಕು. ವಾರವೆಲ್ಲ ದುಡಿದವಳಿಗೆ ಶನಿವಾರದ ನಿದ್ದೆಯೂ ಇಲ್ಲ. ಅಲ್ಲಿನ ಕೋಚ್ ಭೋಜರಾಜ ಮೈಸೂರಿನ ಕುದುರೆ ಲಾಯದಲ್ಲಿ ಬೆಳೆದವರು. ವಯಸ್ಸಿನಲ್ಲಿದ್ದಾಗ ಎದೆಗೆ ಏನೂ ಕಟ್ಟಿಕೊಳ್ಳದೆ ಸವಾರಿ ಮಾಡಿ, ಮೂರು ಸಲ ಪಕ್ಕೆಲುಬು ಮುರಿದುಕೊಂಡವರು. ಅದಕ್ಕೇ ಹೆಲ್ಮೆಟ್ಟು ಮತ್ತು ವೆಸ್ಟು ಇಲ್ಲದೆ ಯಾವ ಮಗುವನ್ನೂ ಅವರು ಕುದುರೆ ಹತ್ತಿಸುವುದಿಲ್ಲ. ವೆಸ್ಟು ಎಂದರೆ ಎದೆ, ಬೆನ್ನು, ಪಕ್ಕೆ ಮೂರನ್ನೂ ಮುಚ್ಚುವ ಕಪ್ಪು ಕವಚ. ಅಂಗೈಯಗಲದ ದಪ್ಪ, ಗಟ್ಟಿ ಫೋಮ್ ತುಂಡುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಬಟ್ಟೆ ಹೊಲಿದಿರುತ್ತಾರೆ. ಕುದುರೆಯಿಂದ ಬಿದ್ದಾಗ ಪೆಟ್ಟನ್ನು ಆ ಫೋಮ್ ತಿನ್ನುತ್ತದೆ, ಎಲುಬು ಉಳಿಯುತ್ತದೆ.

ಬಕಲ್ಲುಗಳನ್ನು ಎಳೆದು ನೋಡುವುದು ಭೋಜರಾಜರ ಕೆಲಸ. ವೆಸ್ಟಿನ ಒಳಗು ಸರಿಯಿದೆಯೇ ಎಂದು ಮುಟ್ಟಿ, ಒತ್ತಿ ನೋಡುವುದು ಮನೆಯವರ ಕೆಲಸ. ನೋಡಿದ್ದೇವೆಂದು ಸಹಿ ಹಾಕಲು ಒಂದು ರಿಜಿಸ್ಟರು. ಕಾರಿನ ಕಿಟಕಿಗೇ ಅದು ಬರುತ್ತಿತ್ತು.

"ವೆಸ್ಟ್ ಹಾಕ್ಕೊಂಡ್ಯಾ?" ಎಂದು ಕೇಳುತ್ತಿದ್ದೆ.

"ಪೋಟ್ಟಾಚ್ಚು ಮಾ," ಹಾಕಿಕೊಂಡಾಯಿತು, ಎನ್ನುತ್ತಿದ್ದಳು ಪಾವನಾ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ.

ಕಪ್ಪು ವೆಸ್ಟು ಕಣ್ಣಿಗೆ ಕಾಣುತ್ತಿತ್ತು. ಸಹಿ ಹಾಕಿ, ಸೀಟು ಹಿಂದಕ್ಕೆ ಮಲಗಿಸಿ, ಒಂದು ಗಂಟೆ ಸತ್ತವಳ ಹಾಗೆ ನಿದ್ದೆ ಮಾಡುತ್ತಿದ್ದೆ.

ಏಪ್ರಿಲ್ ಕೊನೆಯಲ್ಲಿ ಮಗಳ ಹೆಗಲು, ಬೆನ್ನಿನ ತುಂಬ ಬೆವರುಸಾಲೆ ಎದ್ದಿತು. ಅತ್ತೆ ಅವಳಿಗೆ ಗಂಧ ತೇಯ್ದು ಹಚ್ಚುತ್ತ ನನ್ನನ್ನು ಗದರಿದರು.

"ಕೂಸಿನ ಮೈ ನೋಡವ್ವ, ಹೆಂಗ್ ಬೆಂದೋಗದೆ. ಆ ಕುದ್ರೆ ಅಂಗಿ ಏನ್ ಅಂಗಿನೋ, ಮುಟ್ಟುದ್ರೆ ಕಲ್ಲಂಗದೆ. ಬುಟ್ಬುಡು ಅದ್ನ."

"ಅದಿಲ್ಲದೆ ಹತ್ತಿಸೋದೇ ಇಲ್ಲ ಅತ್ತೆ," ಎಂದೆ. ಅದು ಯಾಕೆ ಗಟ್ಟಿಯಿದೆ ಎಂದು ಎರಡು ಮಾತಿನಲ್ಲಿ ಹೇಳಬಹುದಿತ್ತು. ಅವತ್ತು ಕಾರ್ಖಾನೆಯಲ್ಲಿ ಅದೇ ಪಾಠವನ್ನು ನಲವತ್ತು ಜನಕ್ಕೆ ಹೇಳಿ ಬಂದಿದ್ದೆ. ಮನೆಯಲ್ಲೂ ಹೇಳುವ ಶಕ್ತಿ ಇರಲಿಲ್ಲ.

ಆ ವಾರದಿಂದ ಬೆವರುಸಾಲೆ ಕಡಿಮೆಯಾಯಿತು. ಗಂಧದ ಗುಣ ಎಂದುಕೊಂಡೆ. ಮನೆಯಲ್ಲಿ ಇನ್ನೊಂದು ಒಳ್ಳೆಯದೂ ಆಯಿತು. ಹಿಟ್ಟು ರುಬ್ಬುವ ಗ್ರೈಂಡರು ಗಡಗಡ ಎಂದು ಮನೆಯನ್ನೇ ನಡುಗಿಸುತ್ತಿದ್ದುದು ಇದ್ದಕ್ಕಿದ್ದಂತೆ ತೆಪ್ಪಗಾಯಿತು. "ಏನ್ ಮಾಡಿದ್ರಿ ಅತ್ತೆ?" ಎಂದರೆ, "ಕಾಲಿಗೆ ಮೆತ್ತೆ ಕೊಟ್ಟಿವ್ನಿ," ಎಂದರು. ನನಗೆ ಖುಷಿಯೇ ಆಯಿತು. ಬಗ್ಗಿ ನೋಡಲಿಲ್ಲ.

ಮುಂದಿನ ಆರು ಶನಿವಾರವೂ ನಾನು ಸಹಿ ಹಾಕಿದೆ.

ಏಳನೆಯ ಶನಿವಾರ ಸಹಿ ಹಾಕಿ ಮಲಗಿದ್ದವಳನ್ನು ಯಾರೋ ಕಾರಿನ ಗಾಜು ಬಡಿದು ಎಬ್ಬಿಸಿದರು. ಟಕ್ ಟಕ್. ಕಣ್ಣು ಬಿಟ್ಟರೆ ಭೋಜರಾಜ. ಅವರ ಮುಖ ನೋಡಿದ ಕೂಡಲೇ ಬಾಗಿಲು ತೆರೆದು ಓಡಿದೆ.

ಪಾವನಾಳ ಕುದುರೆ ರಾಣಿ, ಅಡ್ಡಗಂಬ ಹಾರಬೇಕಾದವಳು, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಬೆದರಿ ಗಕ್ಕನೆ ನಿಂತುಬಿಟ್ಟಿದ್ದಳು. ಮಗಳು ಮುಂದಕ್ಕೆ ಚಿಮ್ಮಿ, ಕಂಬ ಹೊತ್ತ ಮರದ ಸ್ಟ್ಯಾಂಡಿನ ಮೇಲೆ ಎಡಪಕ್ಕೆ ಕೊಟ್ಟು ಬಿದ್ದಿದ್ದಳು. ಪ್ರಜ್ಞೆಯಿತ್ತು. ಉಸಿರು ಮಾತ್ರ ತುಂಡು ತುಂಡಾಗಿ ಬರುತ್ತಿತ್ತು.

"ಬೀಳೋದು ಇದ್ದದ್ದೇ ಮೇಡಂ, ಇಷ್ಟನ್ನ ವೆಸ್ಟು ತಡೀಬೇಕಾಗಿತ್ತು," ಎಂದು ಭೋಜರಾಜ ಆಸ್ಪತ್ರೆಯ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. "ತಡೀಬೇಕಾಗಿತ್ತು."

ಆಸ್ಪತ್ರೆಯಲ್ಲಿ ನರ್ಸು ವೆಸ್ಟಿನ ಬಕಲ್ಲು ಬಿಚ್ಚಿದಳು. ಎಡಗಡೆಯ ಹೊಲಿಗೆ ಕಿತ್ತುಹೋಗಿತ್ತು. ಅಲ್ಲಿಂದ ಬೆಳ್ಳಗೆ ಏನೋ ಹೊರಬಂದು ಫ್ಯಾನಿನ ಗಾಳಿಗೆ ಹಾರಾಡಿತು. ಹತ್ತಿ. ನರ್ಸು ಒಂದಷ್ಟನ್ನು ಚಿವುಟಿ ಹಿಡಿದು, ಇದೇನು ದಿಂಬೇ ಎಂದು ತಮಿಳಿನಲ್ಲಿ ನನ್ನನ್ನು ಕೇಳಿದಳು. ನಾನು ವೆಸ್ಟನ್ನು ಕೈಗೆ ತೆಗೆದುಕೊಂಡೆ. ಎಷ್ಟು ಹಗುರವಿತ್ತೆಂದರೆ, ಒಂದೇ ಒಂದು ಸಲ ಎತ್ತಿದ್ದರೂ ಗೊತ್ತಾಗುತ್ತಿತ್ತು. ಮೇಲೆ ಮೊದಲಿನ ಹಾಗೆಯೇ ಅಂಗೈಯಗಲದ ಚೌಕಗಳು, ಸಾಲಾಗಿ, ಅಚ್ಚುಕಟ್ಟಾದ ಕೈಹೊಲಿಗೆಯಲ್ಲಿ. ಆ ಹೊಲಿಗೆ ಯಾರದೆಂದು ನನಗೆ ಗೊತ್ತಿತ್ತು. ಪಾವನಾ ಹುಟ್ಟಿದಾಗ ಹಾಸಲು ಅದೇ ಕೈ ಕೌದಿ ಹೊಲಿದುಕೊಟ್ಟಿತ್ತು.

ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ, ಆರು ವಾರ ವಿಶ್ರಾಂತಿ ಬೇಕು, ಶ್ವಾಸಕೋಶಕ್ಕೆ ಚುಚ್ಚದೆ ಉಳಿದದ್ದು ಪುಣ್ಯ ಎಂದರು ಡಾಕ್ಟರು. ಅವರು ಅತ್ತ ಹೋದ ಮೇಲೆ ಪಾವನಾ ನನ್ನ ಕೈ ಹಿಡಿದುಕೊಂಡಳು.

"ಅಜ್ಜಿಗೆ ಹೇಳ್ಬೇಡಮ್ಮ. ತಮ್ಮಿಂದ ಹಿಂಗಾಯ್ತು ಅಂತ ಊಟ ಬಿಟ್ಬಿಡ್ತಾರೆ. ನನಗೂ ಮೆತ್ತಗಿರೋದೇ ಇಷ್ಟ ಆಯ್ತು, ಅದಕ್ಕೆ ಸುಮ್ನಿದ್ದೆ."

ಪೂರಾ ಕನ್ನಡದಲ್ಲಿ ಹೇಳಿದಳು. ಹೇಳಲ್ಲ ಎಂದು ಮಾತು ಕೊಟ್ಟೆ.

ಸಂಜೆ ಭೋಜರಾಜ ರಿಜಿಸ್ಟರು ಹಿಡಿದು ಬಂದರು. ಅಪಘಾತ ಯಾಕಾಯಿತು, ವೆಸ್ಟು ಸರಿಯಿತ್ತೇ ಎಂದು ಬರೆಯುವ ಜಾಗವಿತ್ತು. ಕಾರ್ಖಾನೆಯಲ್ಲಿ ಇಂಥ ಹಾಳೆ ನೂರಾರು ತುಂಬಿದ್ದೇನೆ. ಯಾರು ತಪ್ಪಿದರು ಎಂಬಲ್ಲಿ ಪ್ರತಿಸಲವೂ ಯಾವನೋ ಕೆಲಸದವನ ಹೆಸರು. ಈ ಸಲ ನನ್ನ ಹೆಸರು ಬರೆದು, ಪರೀಕ್ಷಿಸದೆ ಸಹಿ ಹಾಕಿದ್ದೇನೆ ಎಂದು ಬರೆದೆ. ಭೋಜರಾಜ ಓದಿ, ತಲೆ ಕೆರೆದುಕೊಂಡರು.

"ನಾನೂ ಬಕಲ್ ಎಳೆದೆ ಮೇಡಂ, ಒಳಗೆ ಒತ್ತಿ ನೋಡಲಿಲ್ಲ. ಟಕ್ ಟಕ್ ಮೇಡಂ ಮಗಳಲ್ವಾ ಅಂತ," ಎಂದರು. ಪಾವನಾ ಆ ಹೆಸರನ್ನು ಸವಾರಿ ಶಾಲೆಯಲ್ಲೆಲ್ಲ ಹೇಳಿಟ್ಟಿದ್ದಳು. ಅವರು ಚುಚ್ಚಲು ಹೇಳಿದ್ದಲ್ಲ.

ಮನೆಗೆ ಬಂದು ಮೊದಲು ಗ್ರೈಂಡರಿನ ಕೆಳಗೆ ಬಗ್ಗಿ ನೋಡಿದೆ. ನಾಲ್ಕು ಕಾಲಿಗೂ ಎರಡೆರಡು ಕಪ್ಪು ಫೋಮ್ ಚೌಕ. ಉಳಿದವನ್ನು ಅತ್ತೆ ಹಳೆಯ ಸೀರೆಯಲ್ಲಿ ಸುತ್ತಿ, ತರಕಾರಿ ಹೆಚ್ಚಲು ಕೂರುವ ಮಣೆಯ ಮೇಲೆ ಹಾಕಿಕೊಂಡಿದ್ದರು. ಅವರ ಕೋಣೆಗೆ ಹೋದರೆ ಮಂಚದ ಮೇಲೆ ದಿಂಬಿರಲಿಲ್ಲ. ತಲೆಯ ಕಡೆ ಮಡಿಸಿಟ್ಟ ಎರಡು ಸೀರೆ. ಊರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಬೂರುಗದ ಹತ್ತಿಯ ದಿಂಬು ಅದು. ಬೇರೆ ದಿಂಬು ಕೊಟ್ಟರೆ ಕತ್ತು ನೋವು ಎನ್ನುತ್ತಿದ್ದರು.

ಅತ್ತೆಗೆ ಸಂಭ್ರಮವೋ ಸಂಭ್ರಮ. ಮೊಮ್ಮಗಳು ಬದುಕಿ ಬಂದದ್ದು ತಮ್ಮ ಹತ್ತಿಯಿಂದಲೇ ಎಂದು ಅವರು ನಂಬಿಬಿಟ್ಟಿದ್ದರು. ಊರಿನಲ್ಲಿದ್ದ ತಂಗಿ ಕರಿಯಮ್ಮನಿಗೆ ದಿನವೂ ಫೋನು.

"ಆ ಕಲ್ಲಿನಂತ ರಬ್ಬರ್ ಇದ್ದಿದ್ರೆ ಮಗ ಉಳೀತಿರ್ನಿಲ್ಲ ಕಣೆ ಕರಿಯಿ. ಎದೆಗೂಡೇ ಪುಡಿಯಾಗ್ಬುಡದು. ದ್ಯಾವ್ರೇ ನಂಗೆ ಬುದ್ಧಿ ಕೊಟ್ಟ."

ಪಾವನಾ ಮಲಗಿದ್ದಲ್ಲಿಂದಲೇ ನನ್ನ ಕಡೆ ನೋಡುತ್ತಿದ್ದಳು. ನಾನು ಸುಮ್ಮನಿದ್ದೆ. ಆರು ವಾರ ಸುಮ್ಮನಿದ್ದೆ. ಮುದುಕಿ ಖುಷಿಯಾಗಿದ್ದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹೇಳಿದ ಮೇಲಿನ ಅಳು, ಸಮಾಧಾನ ಇವನ್ನೆಲ್ಲ ಹೊರುವ ತ್ರಾಣ ನನಗಿರಲಿಲ್ಲ.

ಜುಲೈ ಕೊನೆಯಲ್ಲಿ ಡಾಕ್ಟರು ಮತ್ತೆ ಕುದುರೆ ಹತ್ತಬಹುದು ಎಂದರು. ಹೊಸ ವೆಸ್ಟು ತರಿಸಿದೆ. ಭಾನುವಾರ ಮಧ್ಯಾಹ್ನ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಹಜಾರದಲ್ಲಿ ಕಾಲು ಚಾಚಿ ಕುಳಿತಿದ್ದರು. ತೊಡೆಯ ಮೇಲೆ ಹೊಸ ವೆಸ್ಟು, ಕೈಯಲ್ಲಿ ಬ್ಲೇಡು. ಪಕ್ಕದಲ್ಲಿ ಒಂದು ಚೀಲ. ಹರಿದ ವೆಸ್ಟಿನಿಂದ ತೆಗೆದ ಹತ್ತಿಯನ್ನು ಬಿಸಿಲಿಗೆ ಒಣಗಿಸಿ, ಹಿಂಜಿ, ಹೂವಿನ ಹಾಗೆ ಮಾಡಿಟ್ಟಿದ್ದರು.

"ಈ ದಪ ಪಕ್ಕೆಗೆ ಇನ್ನೊಂಚೂರು ಜಾಸ್ತಿ ತುಂಬ್ತೀನಿ ಕಣವ್ವ," ಎಂದರು.

ಮಗಳಿಗೆ ಮಾತು ಕೊಟ್ಟಿದ್ದು ನೆನಪಿತ್ತು. ಆದರೆ ಸುಮ್ಮನಿದ್ದರೆ ಇವರು ಇವತ್ತಲ್ಲ ನಾಳೆ, ನಾನು ಮಣಲಿಯಲ್ಲಿದ್ದಾಗ, ಪ್ರೀತಿಯಿಂದ, ಮತ್ತೆ ಇದನ್ನೇ ಮಾಡುತ್ತಾರೆ. ಎರಡನೆಯ ಸಲ ಪುಣ್ಯ ಇರುತ್ತದೋ ಇಲ್ಲವೋ.

"ಅತ್ತೆ, ಬ್ಲೇಡು ಕೊಡಿ," ಎಂದೆ. ಪಾವನಾ ಕೋಣೆಯ ಬಾಗಿಲಿಗೆ ಬಂದು, "ವೇಂಡಾಂ ಮಾ," ಎಂದಳು. ಬೇಡ ಎಂದರೂ ನಾನು ಕೇಳಲಿಲ್ಲ.

ಬಾಯಿಮಾತಿಗೆ ಅತ್ತೆ ಬಗ್ಗುವವರಲ್ಲ. ಅವರ ಎಲೆಯಡಿಕೆ ಕುಟ್ಟಾಣಿಯ ಕಬ್ಬಿಣದ ಗಿಡ್ಡ ಹಾರೆ ತಂದೆ. ಅಡಿಗೆಮನೆಯ ಮಣೆಯಿಂದ ಒಂದು ಫೋಮ್ ಚೌಕ ತಂದೆ. ನೆಲದ ಮೇಲೆ ನನ್ನ ಎಡಗೈ ಇಟ್ಟು, ಬೆರಳುಗಳ ಮೇಲೆ ಅವರ ಹತ್ತಿಯನ್ನು ದಪ್ಪಗೆ ಹರವಿ, ಬಲಗೈಯಿಂದ ಹಾರೆ ಎತ್ತಿ ಕುಟ್ಟಿಕೊಂಡೆ. ಕಣ್ಣು ಕತ್ತಲೆ ಬಂತು.

"ಅಯ್ಯೋ! ಏನವ್ವ ಇದು, ಹುಚ್ಚ್ ಹಿಡೀತಾ ನಿಂಗೆ?" ಎಂದು ಅತ್ತೆ ಕೂಗಿಕೊಂಡರು.

ಹತ್ತಿ ಸರಿಸಿ, ಅದೇ ಬೆರಳುಗಳ ಮೇಲೆ ಫೋಮ್ ಇಟ್ಟು, ಇನ್ನೂ ಜೋರಾಗಿ ಕುಟ್ಟಿದೆ. ಒಂದು ಸಲ, ಎರಡು ಸಲ. ಹಾರೆ ಪುಟಿಯಿತು. ನೋವು ಹೊಸದಾಗಿ ಏನೂ ಆಗಲಿಲ್ಲ.

ಅತ್ತೆ ನನ್ನ ಕೈಯಿಂದ ಹಾರೆ ಕಿತ್ತುಕೊಂಡರು. ಫೋಮ್ ಚೌಕವನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಹತ್ತಿಯನ್ನು ಒತ್ತಿದರು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಎಡಪಕ್ಕೆಯನ್ನು ನೋಡಿದರು. ಹೇಳಿಸಿಕೊಳ್ಳಬೇಕಾದ್ದು ಏನೂ ಉಳಿದಿರಲಿಲ್ಲ. ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಬಂದು ನನ್ನ ಊದಿದ ಬೆರಳಿಗೆ ಸುತ್ತಿ, ಹಿಡಿದುಕೊಂಡೇ ಕುಳಿತರು.

"ನಾನು ಓದ್ದೋಳಲ್ಲ ಕಣವ್ವ. ದಿಂಬು ಅಂದ್ಕಂಡು ತುಂಬ್ದೆ," ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು. "ನೀನು ಊರ್ನೋರ ಟೋಪಿಯೆಲ್ಲ ಬಡ್ದು ಬಡ್ದು ನೋಡೋಳು. ಮಗಿಂದು ಒಂದ್ ಸಲನಾದ್ರೂವೆ ಮುಟ್ ನೋಡ್ನಿಲ್ವಾ?"

"ಇಲ್ಲ ಅತ್ತೆ," ಎಂದೆ.

ದಣಿದಿದ್ದೆ ಎಂದು ಹೇಳಬಹುದಿತ್ತು. ಮೂರು ತಿಂಗಳಿನಿಂದ ದಿಂಬಿಲ್ಲದೆ ಮಲಗಿದವರ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ.