ಬಸ್ಸಿನ ಮುಂದ ಓಡಿದವ

ಇದರಾಗ ಒಂದು ಮಾತೂ ಸುಳ್ಳಿಲ್ಲ. ಬೇಕಾದ್ರ ಗೋದಾವರ್ಯಾಗ ನಿಂತು ಆಣಿ ಮಾಡಿ ಹೇಳಬಹುದು. ಬ್ಯಾಸಗ್ಯಾಗ ಅಲ್ಲಿ ನೀರು ಮೊಣಕಾಲಿನ ಮ್ಯಾಲೆ ಬರೂದಿಲ್ಲ ಅನ್ನೂದೂ ಅಷ್ಟ ಖರೇ.

ರಘೋತ್ತಮ ಓಡ್ಲಿಕ್ಕೆ ಹತ್ತಿದ್ದ. ಅವನ ಹಿಂದ ಕ್ರಿಯಾಕರ್ಮಾ ಮಾಡಸೋ ಒಬ್ರು ಗುರುಜಿ, ಗುರುಜಿ ಹಿಂದ ಒಂದು ನಾಯಿ. ನಾಶಿಕದ ಪಂಚವಟಿ ಘಾಟಿನ ಮ್ಯಾಲೆ ಮುಂಜಾನೆದ್ದು ಮೈಮ್ಯಾಲೆ ಅಂಗಿ ಇಲ್ಲದ ಗಂಡಸು ಅವಸರದಾಗ ಕಂಡ್ರ, ಅವನ ಮನ್ಯಾಗ ಯಾರೋ ತೀರಿಕೊಂಡಾರ ಅಂತನ ಅರ್ಥ. ಬ್ಯಾರೆ ಕಾರಣಕ್ಕ ಅಲ್ಲಿ ಯಾರೂ ಓಡೂದಿಲ್ಲ.

"ಗೋತ್ರಾ ಯಾವ್ದು?" ಅಂತ ಗುರುಜಿ ಮರಾಠಿಯೊಳಗ ಕೂಗಿ ಕೇಳಿದ್ರು.

"ಕಾಶ್ಯಪ."

"ಕಾರ್ಯಾ ಯಾರ್ದು?"

"ನಂದ," ಅಂತ ಹೇಳಿ ರಘೋತ್ತಮ ಮುಂದ ಹೋದ.

ಗುರುಜಿ ನಿಂತ್ರು. ನಾಯಿ ಮಾತ್ರ ಸ್ವಲ್ಪ ದೂರ ಬಂತು. ಅದಕ್ಕೂ ಸಾಕಾತು. ರಘೋತ್ತಮನಿಗೆ ಖುಷಿ ಆತು. ಆರು ತಿಂಗಳ ಹಿಂದ ಇದ ಘಾಟಿನ ಪಾವಟಿಗಿ ಇಳೀಬೇಕಾದ್ರ ಅವನಿಗೆ ತೇಕು ಹತ್ತತಿತ್ತು. ಹತ್ತಬೇಕಾದ್ರ ಹೆಂಗ ಅನ್ನೂದು ಗೊತ್ತಿದ್ದಿಲ್ಲ. ಯಾಕಂದ್ರ ಅಂವ ಹತ್ತತಿದ್ದಿಲ್ಲ, ರಿಕ್ಷಾ ಹಿಡೀತಿದ್ದ.

ಅಂವ ಬ್ಯಾಂಕಿನ್ಯಾಗ ಆಫೀಸರ್. ಧಾರವಾಡದ ಕಡೆಯಿಂದ ವರ್ಗಾ ಆಗಿ ಔರಂಗಾಬಾದಿಗೆ ಬಂದು, ಅಲ್ಲೆ ಮನಿ ಮಾಡಿ, ಅಲ್ಲಿಂದ ಮತ್ತ ನಾಶಿಕಕ್ಕ ಬಂದಿದ್ದ. ಮಗಳು ಶುಭಾನ ಸಾಲಿ ನಡುವ ಬಿಡಸೂದು ಬ್ಯಾಡ ಅಂತ ಹೆಂಡತಿ ಅಂಬುಜಾ ಔರಂಗಾಬಾದಿನ್ಯಾಗ ಉಳದಿದ್ಲು. ಅಂವ ಪಂದ್ರಾ ದಿನಕ್ಕೊಮ್ಮೆ ಹೋಗಿ ಬರ್ತಿದ್ದ.

ಹೋದ ಗಣಪತಿ ಹಬ್ಬದಾಗ ಗ್ಯಾಲರ್ಯಾಗ ನಿಂತು ಅಂಬುಜಾ ಬಾಜೂ ಮನಿಯಾಕಿಗೆ ಹೇಳಿದ್ಲು: "ಇವರು ಬಂದ್ರ ಮನಿ ಸಣ್ಣದಾಗ್ತದ ನೋಡ್ರಿ." ಬಾಜೂ ಮನಿಯಾಕಿ ನಕ್ಕಳು. ಶುಭಾ ನಕ್ಕಳು. ರಘೋತ್ತಮನೂ ನಕ್ಕ, ಎಲ್ಲಾರೂ ನಿಲ್ಲಿಸಿದ ಮ್ಯಾಲೂ ಸ್ವಲ್ಪ ಹೊತ್ತು.

ಓದಿದ ಮನುಷ್ಯಾ. ಚ್ಯಾಷ್ಟಿ ಅಂತ ತಿಳೀತಿತ್ತು. ಆದ್ರ ನಾಶಿಕಕ್ಕ ವಾಪಸ್ ಬಂದ ಮರುದಿನ ಒಂದು ಜೋಡಿ ಕ್ಯಾನ್ವಾಸ್ ಬೂಟು ತಗೊಂಡ.

ಖೋಲಿಯೊಳಗ ದಂಡ, ಬೈಠಕ್, ಸೂರ್ಯನಮಸ್ಕಾರ. ನೀರು ತುಂಬಿದ ಎರಡು ಕೊಡ ಎತ್ತೂದು, ಇಳಸೂದು. ಕೆಳಗ ಕುಂಕುಮದ ಅಂಗಡಿ ಇತ್ತು. ಮ್ಯಾಲೆ ಬೈಠಕ್ ಸುರು ಆದ್ರ ಅಟ್ಟ ನಡುಗಿ ಕೆಳಗ ಕುಂಕುಮಾ ತಾನ ಜರಡಿ ಆಗ್ತಿತ್ತು. ಮದಲಿಗೆ ಜಗಳಾ ತೆಗೆದ ಅಂಗಡಿಯವ ಈಗೀಗ, "ಸಾಹೇಬ್, ಇವತ್ತು ಮಾಡಲಿಲ್ಲೇನು?" ಅಂತ ತಾನ ಕೇಳಲಿಕ್ಕೆ ಹತ್ತಿದ್ದ. ಪ್ಯಾಂಟು ಹಿಡಿಸಿ ಹಿಡಿಸಿ ಹಿಂದಿನ ಎರಡೂ ಕಿಸೆ ಒಂದಕ್ಕೊಂದು ಹತ್ತಿ ಕೂತಿದ್ವು. "ಇನ್ನ ಒಂದ ಕಿಸೆ ಸಾಕಲ್ಲ?" ಅಂತ ದರ್ಜಿ ಕೇಳಿದ್ದ.

ಸಂಕ್ರಮಣಕ್ಕ ಹೋದವ ಮತ್ತ ಊರಿಗೆ ಹೋಗಿದ್ದಿಲ್ಲ. ಬ್ಯಾಂಕಿನ ವರ್ಷದ ಕ್ಲೋಸಿಂಗ್ ಅಂತ ಹೇಳಿದ್ದ. ಖರೇ ಕಾರಣ ಬ್ಯಾರೆ. ಅರ್ಧಾ ಆದ ಕೆಲಸಾ ಯಾರಿಗೂ ತೋರಸಬಾರದು ಅಂತಿತ್ತು ಅವನಿಗೆ.

ಇವತ್ತು ಕೆಲಸಾ ಮುಗದಿತ್ತು. ದಾಡಿ ಮಾಡಿಕೋತ ಕನ್ನಡಿ ನೋಡಿದ. ಒಳಗಿದ್ದವನ ಪರಿಚಯ ಇನ್ನೂ ಸರಿಯಾಗಿ ಆಗಿದ್ದಿಲ್ಲ, ಆದ್ರ ಮನುಷ್ಯಾ ಛೊಲೊ ಕಾಣತಿದ್ದ.

ಬಾಜೂ ಮನಿ ಫೋನಿಗೆ ಮಾಡಿ ಹೇಳಿದ್ದ: ಇಬ್ಬರೂ ಬಸ್ ಸ್ಟ್ಯಾಂಡಿಗೆ ಬರ್ರಿ. ಯಾಕ ಅಂತ ಅಂಬುಜಾ ಕೇಳಿದ್ಲು. ಸುಮ್ನ ಅಂದಿದ್ದ. ಎಲ್ಲಾರೂ ಇಳದ ಮ್ಯಾಲೆ, ಕಡೀಗೆ, ಒಂದ ಕೈಯಾಗ ಬ್ಯಾಗ್ ಹಿಡದು ಮೆಟ್ಟಲಾ ಮುಟ್ಟದ ಜಿಗೀಬೇಕು. ಆಕಿ ಮ್ಯಾಲಿಂದ ಕೆಳಗ ನೋಡಬೇಕು. "ಇಳದೀರಲ್ಲರಿ," ಅನಬೇಕು. ಆ ಒಂದು ಮಾತಿಗೆ ಆರು ತಿಂಗಳು ಆಗಿದ್ವು. ಹೆಚ್ಚೇನಲ್ಲ ಅನಸ್ತಿತ್ತು ಅವನಿಗೆ.

ಖಾಸಗಿ ಬಸ್ಸು. ಬೋರ್ಡಿನ ಮ್ಯಾಲೆ ಔರಂಗಾಬಾದ್ ಅಂತಿತ್ತು, ಕ್ಲೀನರ್ ಸಂಭಾಜಿನಗರ ಅಂತ ಒದರತಿದ್ದ. ಊರು ಒಂದ, ಹೆಸರು ಎರಡು; ಮಂದಿ ಎರಡಕ್ಕೂ ಹತ್ತತಿದ್ರು. ಬಸ್ಸಿನ ಸ್ಟಾರ್ಟರ್ ಕೆಟ್ಟಿತ್ತು. ಒಮ್ಮೆ ಬಂದ್ ಆದ್ರ ಮತ್ತ ಚಾಲೂ ಆಗೂದಿಲ್ಲ ಅಂತ ಡ್ರೈವರ್ ಎಲ್ಲೂ ಇಂಜಿನ್ ಆರಸೂದಿಲ್ಲ, ಎಲ್ಲೂ ಹೆಚ್ಚು ನಿಲ್ಲಸೂದಿಲ್ಲ.

ರಘೋತ್ತಮನ ಬಾಜೂಕ ಒಬ್ಬ ದಪ್ಪನ್ನ ಮನುಷ್ಯಾ ಬಂದು ಕೂತ. ಕೂತ ಮ್ಯಾಲೆ ಸೀಟು ಅರ್ಧಕ್ಕರ್ಧಾ ಅವಂದು, ಉಳದದ್ದರಾಗೂ ಅರ್ಧಾ ಅವಂದು. ರಘೋತ್ತಮನ ಕೈಯಾಗಿನ ಕನ್ನಡ ಪೇಪರ್ ನೋಡಿ ಮಾತು ತೆಗೆದ. ಹೆಸರು ಚಂದ್ರಾಮಪ್ಪ. ಇಂಡಿ ಕಡೆಯಂವ. ಊರೂರು ತಿರುಗಿ ಪಂಪ್‌ಸೆಟ್ ಮಾರತಿದ್ದ.

"ಎಲ್ಲೀತನಕಾ ಹೊಂಟೀರಿ?"

"ಮನಿಗೆ."

ಚಂದ್ರಾಮಪ್ಪ ಅವನ ಗಲ್ಲಾ ನೋಡಿದ, ಕೊರಳು ನೋಡಿದ. ದನಿ ಸಣ್ಣದು ಮಾಡಿದ.

"ಶುಗರ್ ಐತೇನ್ರಿ?"

"ಇಲ್ಲ."

"ಟಿ.ಬಿ.?"

"ಇಲ್ಲರಿ. ವ್ಯಾಯಾಮಾ ಮಾಡತೇನಿ."

"ಹಾಂ," ಅಂದ ಚಂದ್ರಾಮಪ್ಪ, ದೊಡ್ಡ ಬ್ಯಾನಿ ಹೆಸರು ಕೇಳಿದವರಂಗ. "ಎಷ್ಟು ದಿನದಿಂದ ಐತ್ರಿ?"

"ಆರು ತಿಂಗಳು."

"ಡಾಕ್ಟರು ಏನಂತಾರ?"

ರಘೋತ್ತಮ ಪೇಪರ್ ತೆಗೆದ. ನಿಫಾಡಿನ್ಯಾಗ ಚಂದ್ರಾಮಪ್ಪ ಕಿಟಕಿಯಿಂದ ದ್ರಾಕ್ಷಿ ತಗೊಂಡು ಮುಂದ ಹಿಡಿದ.

"ಬ್ಯಾಡ್ರಿ. ಅದರಾಗ ಸಕ್ರಿ ಇರ್ತದ."

"ಅಂದ್ರ ಶುಗರ್ ಐತಿ," ಅಂದ ಚಂದ್ರಾಮಪ್ಪ, ಸಮಾಧಾನದಿಂದ. ಒಂದೊಂದ ದ್ರಾಕ್ಷಿ ಬಾಯಾಗ ಹಾಕ್ಕೋತ ಕೇಳಿದ: "ಮನ್ಯಾಗ ಯಾರ್ಯಾರದಾರ್ರಿ?"

"ಹೆಂಡ್ತಿ, ಮಗಳು. ಸ್ಟ್ಯಾಂಡಿಗೆ ಬರ್ತಾರ."

"ಪುಣ್ಯವಂತ್ರು ಬಿಡ್ರಿ. ನಮ್ಮ ದಾರಿ ಯಾರು ಕಾಯತಾರ? ಇಪ್ಪತ್ತು ವರ್ಷಾತು ಅದ ಲಾಡ್ಜಿಗೆ ಹೊಕ್ಕೇನಿ, ಹೋದಾಗೊಮ್ಮೆ ಹೆಸರು ಕೇಳತಾನ ಮಗಾ."

ವೈಜಾಪುರದಾಗ ಬಸ್ಸು ಇಂಜಿನ್ ಆರಸದನ ನಿಂತಿತು. ಚಂದ್ರಾಮಪ್ಪನ ಒತ್ತಿನ್ಯಾಗ ಕೂತು ರಘೋತ್ತಮನ ಕಾಲು ಜೋಮು ಹಿಡದಿದ್ವು. ಇಳದ. ಬೇವಿನ ಗಿಡದ ಹಿಂದ ನಾಕು ಬೈಠಕ್ ಹಾಕಿದ್ರ ಸರಿ ಆಗ್ತದ ಅನಸ್ತು. ಹಾಕಲಿಕ್ಕೆ ಹತ್ತಿದ. ಎದ್ದು ನೋಡಿದ್ರ ಬಸ್ಸು ಇದ್ದಿದ್ದಿಲ್ಲ.

ಬ್ಯಾರೆಯವ ಆಗಿದ್ರ ಬೊಬ್ಬಿ ಹೊಡೀತಿದ್ದ. ರಘೋತ್ತಮನಿಗೆ ಮದಲ ಬಂದದ್ದು ಆನಂದ. ಆರು ತಿಂಗಳಿಂದ ಅಂವ ಸುಮ್ಮಸುಮ್ನ ಓಡಿದ್ದ. ಇವತ್ತು ಓಡಲಿಕ್ಕೆ ಒಂದು ಕಾರಣ ಸಿಕ್ಕಿತ್ತು.

ಊರು ದಾಟಿದ ಕೂಡ್ಲೆ ಬಸ್ಸು ಸಿಕ್ತು. ಕ್ಲೀನರ್ ಬಾಗಲಾಗ ನಿಂತು ಜೋತುಬಿದ್ದು ಕೈ ಚಾಚಿದ. "ಚಢಾ ಸಾಹೇಬ್, ಚಢಾ!"

ಎಣ್ಣಿ ಹತ್ತಿದ ಕರೀ ಕೈ. ಗಟ್ಟಿ ಕೈ. ಹಿಡದಿದ್ರ ಕಥಿ ಇಲ್ಲೆ ಮುಗೀತಿತ್ತು, ಎಲ್ಲಾರೂ ಮನಿಗೆ ಹೋಗಬಹುದಿತ್ತು. ರಘೋತ್ತಮ ಆ ಕೈ ನೋಡಿದ. ಉಸಿರು ಹತ್ತಿದ್ದಿಲ್ಲ. ಕಾಲು ತಾವ ಬೀಳತಿದ್ವು. ಬಸ್ಸಿನ್ಯಾಗಿನ ಮಂದಿ ಎಲ್ಲಾ ಒಂದ ಮಗ್ಗಲಿಗೆ ಬಂದು ಅವನನ್ನ ನೋಡ್ಲಿಕ್ಕೆ ಹತ್ತಿದ್ರು. ಇಷ್ಟು ಮಂದಿ ಅವನನ್ನ ಒಮ್ಮೆಲೆ ಯಾವತ್ತೂ ನೋಡಿದ್ದಿಲ್ಲ.

"ನೀವು ನಡೀರಿ," ಅಂದ. "ನಾ ಬರ್ತೇನಿ."

ಕ್ಲೀನರನಿಗೆ ಕನ್ನಡ ತಿಳೀಲಿಲ್ಲ. ಕೈ ಒಳಗ ತಗೊಂಡ.

ಕಿಟಕಿಯೊಳಗ ಚಂದ್ರಾಮಪ್ಪನ ಮಾರಿ ಬಂತು. "ಸಾಹೇಬ್ರ, ಹತ್ರಿ! ಹುಚ್ಚು ಹಿಡದತೇನ್ರಿ?"

"ಮೈ ಹಗುರ ಅನಸ್ತದ."

"ಏನಂದ್ರಿ?"

"ಹಗುರ! ಹಗುರ ಅನಸ್ತದ!"

"ಬ್ಯಾಗ್ ಐತಲ್ರಿ ನಿಮ್ದು!"

"ನಮ್ಮ ಮನ್ಯಾವ್ರ ಕೈಯಾಗ ಕೊಡ್ರಿ. ಅಂಬುಜಾ ಅಂತ. ಮಗಳು ಇರ್ತಾಳ ಜೋಡಿ."

ಕಿಟಕಿ ಗಾಜು ಅರ್ಧಾ ಮುಚ್ಚಿತ್ತು. ಗಾಜಿನ ಮ್ಯಾಲೆ ರಘೋತ್ತಮನ ಮಾರಿ ಓಡತಿತ್ತು. ಗಾಜಿನ ಹಿಂದ ಚಂದ್ರಾಮಪ್ಪನ ಮಾರಿ ಕೂತಿತ್ತು. ಸ್ವಲ್ಪ ಹೊತ್ತು ಎರಡೂ ಒಂದರ ಮ್ಯಾಲೊಂದು ಇದ್ವು. ಆಮ್ಯಾಲೆ ಚಂದ್ರಾಮಪ್ಪ ಬ್ಯಾಗು ತೊಡಿಮ್ಯಾಲೆ ಇಟಗೊಂಡು, ಖಾಲಿ ಆದ ಸೀಟಿನ ಮ್ಯಾಲೆ ಆರಾಮ ಸರದು ಕೂತ.

ಒಂದು ಏರು ಬಂತು. ಬಸ್ಸು ನರಳಿ ನರಳಿ ಹಿಂದ ಬಿತ್ತು. ರಘೋತ್ತಮ ಮುಂದ ಹೋದ. ನಂಬಿಕಿ ಇಲ್ಲದವರು ಆ ಬಸ್ಸಿನ ಡ್ರೈವರನ್ನ ಕೇಳಬಹುದು; ಅದರ ಸಿಟ್ಟಿಗೆ ಅಂವ ಆ ನೌಕರಿ ಬಿಟ್ಟ.

ದಾರಿಗುಂಟ ಹೊಲದಾಗಿನ ಮಂದಿ ಅವನನ್ನ ನೋಡಲಿಲ್ಲ. ಅವನ ಹಿಂದ ನೋಡಿದ್ರು, ಯಾರು ಬೆನ್ನ ಹತ್ಯಾರ ಅಂತ. ಯಾರೂ ಇದ್ದಿದ್ದಿಲ್ಲ. ಮಂದಿಗೆ ನಿರಾಸೆ ಆತು. ಬಿಸಲಿಗೆ ಅಂಗಿ ತೆಗದು ತಲಿಗೆ ಸುತಗೊಂಡ. ಬನಿಯನ್ ತೊಯ್ದು, ಅದರ ಮ್ಯಾಲೆ ಮಣ್ಣು ಕೂತು ಕೆಂಪಾತು.

ಅಂಬುಜಾಗ ಮದಲ ಏನ್ ಹೇಳಬೇಕು ಅಂತ ವಿಚಾರ ಮಾಡಿದ. ಇಷ್ಟು ವರ್ಷ ಇಬ್ಬರೂ ಮಾತಾಡಿದ್ದು ಗ್ಯಾಸ್ ಸಿಲಿಂಡರ್, ಸಾಲಿ ಫೀ, ನಳದ ನೀರು. ನಾಶಿಕದಾಗ ನೀರು ಹೆಂಗ ಬರ್ತದ ಅಂತ ಆಕಿ ಕೇಳತಿದ್ಲು. ದಿನಾ ಬರ್ತದ ಅಂತ ಇಂವ ಹೇಳತಿದ್ದ. ಅಲ್ಲಿಗೆ ಮುಗೀತಿತ್ತು. ಮಾತು ತೆಗೀಲಿಕ್ಕೆ ಇವತ್ತು ಒಂದು ಮೈ ಇತ್ತು. ಮುಂದಿಂದು ತಾನ ಬರ್ತದ ಅಂದುಕೊಂಡ. ಕಾಲು ಇನ್ನೂ ಜೋರು ಬಿದ್ವು.

ಸಂಜೀಮುಂದ ಅಂವ ಮುಟ್ಟಿದಾಗ ಬಸ್ಸು ಬಂದಿದ್ದಿಲ್ಲ. ಸ್ಟ್ಯಾಂಡಿನ ಹೊರಗ, ಖಾಸಗಿ ಬಸ್ಸು ನಿಂದರೋ ಕಡೆ, ಅಂಬುಜಾ, ಶುಭಾ ಇಬ್ಬರೂ ಇದ್ರು. ಅಂಬುಜಾ ಹಬ್ಬದ ಸೀರಿ ಉಟ್ಟಿದ್ಲು. ರಘೋತ್ತಮ ಆಕಿ ಮಗ್ಗಲಾಗ ಹೋಗಿ ಇದ್ದಲ್ಲೇ ಓಡಕೋತ ನಿಂತ. ಅಷ್ಟು ದೂರ ಓಡಿದವರು ಒಮ್ಮೆಲೆ ನಿಂದರಬಾರದು, ಕಾಲು ಹಿಡಕೋತಾವ.

ಆಕಿ ತಿರುಗಿ ನೋಡಿದ್ಲು. ತಲಿಮ್ಯಾಲಿನ ಅಂಗಿ, ಕೆಂಪ ಬನಿಯನ್, ಬೂಟು. ಸರಿಯಾಗಿ, ಮ್ಯಾಲಿಂದ ಕೆಳಗ.

"ಭಾವು, ಜರಾ ಬಾಜೂಲಾ ವ್ಹಾ," ಅಂದ್ಲು.

ಅಣ್ಣಾ, ಸ್ವಲ್ಪ ಬಾಜೂಕ ಸರೀರಿ ಅಂತ, ಮರಾಠಿಯೊಳಗ, ಪರಕೀ ಗಂಡಸಿಗೆ ಹೇಳೋ ದನಿಯೊಳಗ. ಭಾಳ ಸಭ್ಯವಾಗಿ ಹೇಳಿದ್ದಕ್ಕ ಅಂವ ಸರದ. ಸರದ ಮ್ಯಾಲೆ ವಿಚಾರ ಮಾಡಿದ. ಎದಿಯೊಳಗ ಏನೋ ಒಂದು ಕುಸೀತು, ಆದ್ರ ಕೂಡ್ಲೆ ಅದನ್ನ ಎತ್ತಿ ಹಿಡದ: ಹೆಂಡ್ತಿಗೆ ಗುರ್ತು ಸಿಗದಷ್ಟು ಇಳದೇನಿ. ಯಾವ ವ್ಯಾಯಾಮದಂವ ಇಷ್ಟು ಸಾಧಿಸ್ಯಾನ? ಬಸ್ಸು ಬರಲಿ. ಖಾಲಿ ಬಸ್ಸು ನೋಡಿ ಗಾಬರಿ ಆಗ್ಲಿ. ಆವಾಗ ಮುಂದ ಹೋಗಿ, "ಏನ್ರಿ ಬಾಯಾರ, ಯಾರನ್ನ ಹುಡುಕತೀರಿ?" ಅಂದ್ರಾತು.

ಬಸ್ಸು ಬಂತು. ಬಂದು ಒಂದು ಸಲ ಕೆಮ್ಮಿ ಬಂದ್ ಆತು. ಮಂದಿ ಇಳೀಲಿಕ್ಕೆ ಹತ್ತಿದ್ರು. ಎಲ್ಲಾರೂ ಇಳದ ಮ್ಯಾಲೆ, ಕಡೀಗೆ, ಒಂದ ಕೈಯಾಗ ರಘೋತ್ತಮನ ಬ್ಯಾಗ್ ಹಿಡದು, ಚಂದ್ರಾಮಪ್ಪ ಮೆಟ್ಟಲಕ್ಕ ಒಂದು ಕಾಲಿಟ್ಟು ಸಾವಕಾಶ ಇಳದ.

ಅಂಬುಜಾನ ಮಾರಿ ಅರಳಿತು.

ಚಂದ್ರಾಮಪ್ಪ ಏನೋ ಹೇಳಲಿಕ್ಕೆ ಬಾಯಿ ತೆರದ. ಅಷ್ಟರಾಗ ಶುಭಾ ಓಡಿಹೋಗಿ ಅವನ ಕೈ ಹಿಡದ್ಲು. "ಪಪ್ಪಾ, ಕಿತೀ ಉಶೀರ!" ಎಷ್ಟು ತಡಾ ಅಂತ ಸಿಟ್ಟು ಮಾಡಿದ್ಲು. ಚಂದ್ರಾಮಪ್ಪ ತನ್ನ ಕೈ ನೋಡಿಕೊಂಡ. ಅದರಾಗ ಒಂದು ಸಣ್ಣ ಕೈ ಇತ್ತು. ಬಾಯಿ ಮುಚ್ಚಿದ.

ಅಂಬುಜಾ ಬ್ಯಾಗ್ ಇಸಗೊಂಡ್ಲು. ಅವನನ್ನ ಮ್ಯಾಲಿಂದ ಕೆಳಗ ನೋಡಿದ್ಲು.

"ಸ್ವಲ್ಪ ಇಳದೀರಲ್ಲರಿ," ಅಂದ್ಲು.

ಚಂದ್ರಾಮಪ್ಪ ಹೊಟ್ಟಿ ಒಳಗ ಎಳಕೊಂಡ.

"ಹೂಂ," ಅಂದ. "ಸ್ವಲ್ಪ."

"ನಾಶಿಕದಾಗ ನೀರು ಹೆಂಗ ಬರ್ತದ?"

"ದಿನಾ ಬರ್ತತಿ."

ಮೂರೂ ಮಂದಿ ರಿಕ್ಷಾದಾಗ ಕೂತ್ರು. ರಿಕ್ಷಾ ಒಂದ ಕಡೆ ವಾಲಿತು, ಹಂಗ ವಾಲಿಕೊಂಡ ಹೋತು.

ರಘೋತ್ತಮನ ಕಾಲು ನಿಂತಿದ್ದಿಲ್ಲ. ಕ್ಲೀನರ್ ಕೆಳಗ ಕೂತು ಬಸ್ಸಿನ ಗಾಲಿಗೆ ಕಲ್ಲು ಕೊಡಲಿಕ್ಕೆ ಹತ್ತಿದ್ದ. ರಘೋತ್ತಮ ಅವನ ಮುಂದ ಹೋಗಿ ಹಿಂದಿಯೊಳಗ ಸುರು ಮಾಡಿದ. ದನಿ ಗಟ್ಟಿ ಇತ್ತು, ತೇಕು ಸೈತ ಇದ್ದಿದ್ದಿಲ್ಲ.

"ಆಕಿ ನನ್ನ ಹೆಂಡ್ತಿ. ಇಳದೀರಿ ಅಂದ್ಲಲ್ಲ, ಅದು ನನಗ ಅಂದದ್ದು. ಆರು ತಿಂಗಳದ ಮಾತು ಅದು. ಬಾಯಿ ತಪ್ಪಿ ಅವನ ಕಡೆ ಹೋತು, ಅಷ್ಟ."

ಕ್ಲೀನರ್ ಇನ್ನೊಂದು ಕಲ್ಲು ಹುಡುಕಿದ.

"ರಿಕ್ಷಾ ಹಿಡಿಯೂದು ನನಗ ದೊಡ್ಡ ಮಾತಲ್ಲ, ನೀನ ನೋಡೀಯಲ್ಲ, ಬಸ್ಸನ್ನ ಹಿಂದ ಹಾಕೇನಿ. ಅವ್ರಿಗಿಂತ ಮದಲ ಮನಿ ಮುಟ್ಟತೇನಿ. ಒಂದ ಅಡಚಣಿ ಅಂದ್ರ, ಮುಟ್ಟಿದ ಮ್ಯಾಲೆ ಬಾಗಲಾ ಬಡದು ನಿಂದರಬೇಕಾಗ್ತದ. ಅವ್ರು ಬಾಗಲಾ ತೆಗದು ಯಾರು ಬೇಕಾಗಿತ್ತು ಅಂತ ಕೇಳತಾರ. ನಾ ಏನ್ ಅದಕ್ಕ ಹೆದರೂದಿಲ್ಲ. ಓಡೂದು ಬಂದದ ನನಗ, ಆದ್ರ ನಿಂತ ಮ್ಯಾಲೆ ನಾ—"

ಕ್ಲೀನರ್ ಎದ್ದು, ಕೈ ಝಾಡಿಸಿ, ನೀರಿನ ಡಬ್ಬಿ ತಗೊಂಡು ನಳದ ಕಡೆ ಹೊಂಟುಹೋದ. ಕೆಟ್ಟು ನಿಂತ ಬಸ್ಸಿನ ಮಗ್ಗಲಾಗ ಎರಡು ಬೂಟು ಒಂದಾದ ಮ್ಯಾಲೊಂದು ಎದ್ದು ಬೀಳತಿದ್ವು, ಒಳ್ಳೆ ತಾಲೀಮಾದ ಬೂಟು, ಬಿದ್ದಲ್ಲೇ ಬೀಳತಿದ್ವು.